ಹದಿನೈದು ಆಲ್ಬಂ, ಒಂದು ದೋಸೆ

ಶುರು ಮಾಡೋ ಮುಂಚೆ

ಯುಗಾದಿ ದಿನ ಹೋಳಿಗೆ ತಿಂದು ಹೊಟ್ಟೆ ಭಾರವಾಗಿದ್ದಾಗ ಶುರುವಾದ ಜಗಳ ಇದು. ನನ್ನ ಭಾಮೈದ ಗಿಟಾರ್ ನುಡಿಸುತ್ತಾನೆ. ಇಂಗ್ಲೆಂಡಿನ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್ ಅಂದರೆ ಅವನಿಗೆ ಮನೆದೇವರು. ನಾನು ಬಾಯಿ ಮುಚ್ಚಿಕೊಂಡು ಇರಬೇಕಿತ್ತು. ‘ನಂಗೆ ಅವರದ್ದು ಒಂದೇ ಆಲ್ಬಂ ಇಷ್ಟ ಕಣೋ. ಮಿಕ್ಕಿದ್ದೆಲ್ಲ ಓವರ್‌ರೇಟೆಡ್’ ಅಂದುಬಿಟ್ಟೆ.

‘ಭಾವ, ಮಿಕ್ಕಿದ್ದನ್ನ ಕೇಳಿದ್ದೀರಾ?’

ಅಲ್ಲೊಂದು ಇಲ್ಲೊಂದು ಹಾಡು ಬಿಟ್ಟರೆ ಕೇಳಿರಲಿಲ್ಲ. ಆ ಒಂದು ಆಲ್ಬಂ ‘ವಿಶ್ ಯು ವರ್ ಹಿಯರ್’. ದಾವಣಗೆರೆ ಹಾಸ್ಟೆಲಿನಲ್ಲಿ ಸೀನಿಯರ್ ಒಬ್ಬರು ತೊಂಬತ್ತು ನಿಮಿಷದ ಕ್ಯಾಸೆಟ್ಟಿಗೆ ತುಂಬಿಸಿ ಕೊಟ್ಟಿದ್ದರು. ಆಲ್ಬಂ 44 ನಿಮಿಷ, ಕ್ಯಾಸೆಟ್ಟಿನ ಒಂದು ಸೈಡು 45 ನಿಮಿಷ. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತ್ತು. ಇನ್ನೊಂದು ಸೈಡಿನಲ್ಲಿ ರಾಜನ್-ನಾಗೇಂದ್ರ ಹಾಡುಗಳು. ನನ್ನ ಪ್ರಕಾರ ಪಿಂಕ್ ಫ್ಲಾಯ್ಡ್ ಮುಗಿದ ಮೇಲೆ ಬರೋದು ರಾಜನ್-ನಾಗೇಂದ್ರ. ಎರಡೂ ಸೇರಿ ಒಂದೇ ಆಲ್ಬಂ ಅಂತ ಕಿವಿಗೆ ಇವತ್ತಿಗೂ ನಂಬಿಕೆ. 2002ರಲ್ಲಿ ಆ ಬ್ಯಾಂಡಿನಲ್ಲಿದ್ದ ರಾಜರ್ ವಾಟರ್ಸ್ ಬೆಂಗಳೂರಿಗೆ ಬಂದು ಹಾಡಿದಾಗ ರೂಮಿನವರೆಲ್ಲ ಹೋದರು. ನಾನು ಹೋಗಲಿಲ್ಲ. ನನಗೆ ಗೊತ್ತಿರೋದು ಐದೇ ಹಾಡು, ಅಷ್ಟಕ್ಕೆ ಟಿಕೆಟ್ ದುಡ್ಡು ಜಾಸ್ತಿ ಆಯ್ತು ಅನ್ನಿಸಿತ್ತು.

ಸರಿ, ಪಂಥ ಕಟ್ಟಿದೆವು. ಸ್ಟುಡಿಯೋ ಆಲ್ಬಂಗಳು ಒಟ್ಟು 15. ವಾರಕ್ಕೊಂದು, ಬಂದ ಕ್ರಮದಲ್ಲೇ, ಒಂದೊಂದನ್ನೂ ಮೂರು ಸಲ ಕೇಳಬೇಕು. ಒಂದು ಸಲ ಮೆಟ್ರೋದಲ್ಲಿ, ಒಂದು ಸಲ ಪಾತ್ರೆ ತೊಳೆಯುವಾಗ, ಒಂದು ಸಲ ರಾತ್ರಿ ಲೈಟ್ ಆರಿಸಿ. ನನಗೆ ಇನ್ನೆರಡು ಆಲ್ಬಂ ಇಷ್ಟವಾದರೆ ಗಾಂಧಿ ಬಜಾರಿನಲ್ಲಿ ಮನೆಮಂದಿಗೆಲ್ಲ ನಾನು ಮಸಾಲೆ ದೋಸೆ ಕೊಡಿಸಬೇಕು. ಆಗದಿದ್ದರೆ ಅವನು. ಹಾಡಿಗೆ ಮಾರ್ಕ್ಸ್ ಕೊಡೋದು ಬೇಡ ಅಂತ ತೀರ್ಮಾನ ಆಯಿತು. ಮಾರ್ಕ್ಸ್ ಕೊಡಲು ಕೂತರೆ ನಾನು ಹಟಕ್ಕೆ ಕಮ್ಮಿ ಕೊಡುತ್ತೇನೆ, ಅದು ಅವನಿಗೂ ಗೊತ್ತು. ಅದರ ಬದಲು, ಕಿವಿ ನೆಟ್ಟಗಾದ ಕಡೆ ಹಾಡಿನ ಹೆಸರು, ಎಷ್ಟನೇ ನಿಮಿಷ, ಒಂದು ಟಿಕ್. ಯಾಕೆ ಅಂತ ಬರೆಯುವ ಹಾಗಿಲ್ಲ. ಹಳೇ ಡೈರಿಯೊಂದು ಸಿಕ್ಕಿತು, ಅದರಲ್ಲೇ ಶುರು.

ವಾರ 1

1967ರ ಮೊದಲ ಆಲ್ಬಂ. ಲಂಡನ್ನಿನ ಅಬ್ಬಿ ರೋಡ್ ಸ್ಟುಡಿಯೋದಲ್ಲಿ ಇವರು ಇದನ್ನು ಮಾಡುತ್ತಿದ್ದಾಗ ಅದೇ ಕಟ್ಟಡದಲ್ಲಿ ಬೀಟಲ್ಸ್ ಕೂಡ ಕೆಲಸ ಮಾಡುತ್ತಿದ್ದರು. ಆಗ ಬ್ಯಾಂಡಿನ ಯಜಮಾನ ಸಿಡ್ ಬ್ಯಾರೆಟ್. ಕುಳ್ಳ ಮಾಂತ್ರಿಕ ಪ್ರಾಣಿ, ಬೆರ್ಚಪ್ಪ, ಸೈಕಲ್ಲು ಇವುಗಳ ಮೇಲೆಲ್ಲ ಹಾಡು. ಅಜ್ಜಿ ಕಥೆಗೆ ಕರೆಂಟ್ ಹೊಡೆದ ಹಾಗಿದೆ. ನನ್ನ ಕ್ಯಾಸೆಟ್ಟಿನ ಬ್ಯಾಂಡು ಇದಲ್ಲವೇ ಅಲ್ಲ. ‘ಮಟಿಲ್ಡಾ ಮದರ್’ ನಡುವೆ ಒಂದು ಟಿಕ್. ಒಟ್ಟು ಎರಡು.

ವಾರ 2ರಿಂದ 4

ಸಿಡ್ ತಲೆ ಹಿಡಿತ ತಪ್ಪುತ್ತಾ ಹೋಯಿತು. ಸ್ಟೇಜ್ ಮೇಲೆ ನಿಂತು ಗಿಟಾರ್ ನುಡಿಸದೇ ಇರೋದು, ಕರೆದರೆ ಮಾತಾಡದೇ ಇರೋದು. 1968ರ ಶುರುವಿನಲ್ಲಿ ಗಿಟಾರ್ ನುಡಿಸೋಕೆ ಡೇವಿಡ್ ಗಿಲ್ಮೋರ್ ಬಂದ. ಕೆಲವು ವಾರ ಐದು ಜನ ಇದ್ದರು. ಆಮೇಲೆ ಒಂದು ದಿನ ಕಾರ್ಯಕ್ರಮಕ್ಕೆ ಹೊರಟಾಗ ಸಿಡ್‌ನನ್ನು ಕರೆದುಕೊಂಡು ಹೋಗಲೇ ಇಲ್ಲ. ಅಷ್ಟೇ, ಮುಗಿಯಿತು. ಯಾರೂ ‘ನೀನು ಬೇಡ’ ಅಂತ ಬಾಯಿಬಿಟ್ಟು ಹೇಳಲಿಲ್ಲ. ಇದನ್ನು ಓದಿದ ದಿನ ಪಾತ್ರೆ ತೊಳೆಯೋದು ಸ್ವಲ್ಪ ನಿಧಾನವಾಯಿತು.

ಎರಡನೆಯದರಲ್ಲಿ ಮೂರು ಟಿಕ್. ಮೂರನೆಯದು ಸಿನಿಮಾಕ್ಕೆ ಮಾಡಿದ್ದು, ಬಂತು ಹೋಯಿತು. ನಾಲ್ಕನೆಯದು ‘ಉಮ್ಮಗುಮ್ಮ’. ಅದರ ಸ್ಟುಡಿಯೋ ಭಾಗದಲ್ಲಿ ನಾಲ್ಕು ಜನರೂ ಆಸ್ತಿ ಪಾಲು ಮಾಡಿಕೊಂಡ ಹಾಗೆ ತಮ್ಮ ತಮ್ಮ ಪಾಲಿಗೆ ಬಂದಷ್ಟು ಜಾಗದಲ್ಲಿ ಮನಸ್ಸಿಗೆ ಬಂದಿದ್ದು ಮಾಡಿದ್ದಾರೆ. ಗುಹೆಯಲ್ಲಿ ಸೇರಿದ ಪುಟ್ಟ ಪ್ರಾಣಿಗಳ ಬಗ್ಗೆ ಒಂದಿದೆ, ಬರೀ ಕಿಚಪಿಚ. ಹೆಂಡತಿ ಅಡುಗೆಮನೆಗೆ ಬಂದು ಸಿಂಕ್ ಕೆಳಗೆ ಬಗ್ಗಿ ನೋಡಿದಳು. ‘ಇಲಿ ಅಲ್ಲ, ಪಿಂಕ್ ಫ್ಲಾಯ್ಡ್’ ಅಂದೆ. ಭಾಮೈದನಿಗೆ ಫೋನ್ ಮಾಡಿ ‘ಇದನ್ನೂ ಹೊಗಳ್ತೀಯಾ?’ ಅಂತ ಕೇಳಿದೆ. ‘ಇದೊಂದು ಬಿಡಿ ಭಾವ’ ಅಂದ. ನನಗೆ ಪರಮಾನಂದ.

ವಾರ 5

ಮುಖಪುಟದಲ್ಲಿ ಒಂದು ಹಸು ಹಿಂತಿರುಗಿ ನೋಡುತ್ತಾ ನಿಂತಿದೆ. ಬ್ಯಾಂಡಿನ ಹೆಸರಿಲ್ಲ, ಏನಿಲ್ಲ. ಡೇರಿ ಕ್ಯಾಲೆಂಡರ್ ಅಂದುಕೊಂಡೆ. ಆದರೆ 1970ರಲ್ಲಿ ಇದು ಇಂಗ್ಲೆಂಡಿನಲ್ಲಿ ನಂಬರ್ ಒನ್ ಆಯಿತು, ಇವರ ಮೊದಲ ನಂಬರ್ ಒನ್ ಆಲ್ಬಂ. ಮುಂದೆ ಗಿಲ್ಮೋರ್, ವಾಟರ್ಸ್ ಇಬ್ಬರೂ ಇದನ್ನು ತಾವೇ ಬೈದಿದ್ದಾರೆ. ಮಾಡಿದವರೇ ಬೈದಮೇಲೆ ಓವರ್‌ರೇಟೆಡ್ ಅನ್ನೋಕೆ ನನಗೆ ಕೆಲಸವೇ ಉಳಿಯಲಿಲ್ಲ. ವಿಚಿತ್ರ ಅಂದರೆ, ಅವರು ಬೈದಿದ್ದಕ್ಕೇ ಇರಬೇಕು, ನನಗೆ ಸ್ವಲ್ಪ ಇಷ್ಟವಾಯಿತು. ‘ಸಮ್ಮರ್ 68’ಕ್ಕೆ ಎರಡು ಟಿಕ್.

ವಾರ 6

ಇಲ್ಲಿ ಸಿಕ್ಕಿಬಿದ್ದೆ.

‘ಮೆಡಲ್’, 1971. ಕೊನೆಯ ಹಾಡು ‘ಎಕೋಸ್’ ಇಪ್ಪತ್ಮೂರು ನಿಮಿಷ ದಾಟುತ್ತದೆ. ಬೈಯಪ್ಪನಹಳ್ಳಿಯಲ್ಲಿ ಹತ್ತಿ ಶುರು ಮಾಡಿದರೆ ಮೆಜೆಸ್ಟಿಕ್ ಬರುವಷ್ಟರಲ್ಲಿ ಹೆಚ್ಚುಕಮ್ಮಿ ಮುಗಿಯುತ್ತದೆ. ಮೊದಲಿಗೆ ಒಂದೇ ಒಂದು ಸ್ವರ. ‘ಟಿಂಗ್’. ನಲ್ಲಿಯಿಂದ ತಾಮ್ರದ ಹಂಡೆಗೆ ಒಂದು ಹನಿ ಬಿದ್ದ ಹಾಗೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಟ್ರಿನಿಟಿ ಹತ್ತಿರ ಬರುವಷ್ಟರಲ್ಲಿ ಮೈ ಜುಂ ಅಂದಿತ್ತು. ಆ ವಾರ ಮೂರು ಸಲ ಅಲ್ಲ, ಒಂಬತ್ತು ಸಲ ಕೇಳಿದೆ. ಒಂದು ಸಲ ಮೆಜೆಸ್ಟಿಕ್‌ನಲ್ಲಿ ಇಳಿಯೋದನ್ನೇ ಮರೆತು ಮುಂದೆ ಹೋಗಿಬಿಟ್ಟೆ.

ಆದರೆ ಮಿಕ್ಕ ಹಾಡುಗಳು ಅಷ್ಟಕ್ಕಷ್ಟೇ. ಒಂದರಲ್ಲಿ ನಾಯಿ ಊಳಿಡುತ್ತದೆ, ನಿಜವಾದ ನಾಯಿ. ಇದನ್ನು ‘ಆಲ್ಬಂ ಇಷ್ಟವಾಯಿತು’ ಅಂತ ಲೆಕ್ಕ ಹಿಡಿಯಬೇಕಾ? ಅರ್ಧ ಆಲ್ಬಂ ಅಂತ ಬರೆದೆ. ಭಾಮೈದ ಒಪ್ಪಲಿಲ್ಲ. ದೋಸೆಯಲ್ಲಿ ಅರ್ಧ ಉಂಟು, ಆಲ್ಬಂನಲ್ಲಿ ಯಾಕಿಲ್ಲ?

ವಾರ 7

ಮತ್ತೊಂದು ಸಿನಿಮಾದ್ದು. ಪರವಾಗಿಲ್ಲ.

ವಾರ 8

‘ಡಾರ್ಕ್ ಸೈಡ್ ಆಫ್ ದ ಮೂನ್’. ಭಾಮೈದ ಶನಿವಾರ ಗಿಟಾರ್ ಸಮೇತ ಮನೆಗೇ ಬಂದ. ಬಾಗಿಲಲ್ಲೇ ಶುರು ಮಾಡಿದ: ‘1988ರ ಹೊತ್ತಿಗೆ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 741 ವಾರ ಇತ್ತು ಭಾವ. ನೀವು ಎಂಟೇ ವಾರಕ್ಕೆ ಸುಸ್ತಾಗಿದ್ದೀರಿ.’

‘ಉಪ್ಪು ಎಲ್ಲಕ್ಕಿಂತ ಜಾಸ್ತಿ ಮಾರಾಟ ಆಗುತ್ತೆ. ಹಾಗಂತ ಬರೀ ಉಪ್ಪು ತಿನ್ನೋಕಾಗುತ್ತಾ?’

‘ಉಪ್ಪಿಲ್ದೆ ನಿಮ್ಮ ಸಾರು ಉಂಡು ನೋಡಿ.’

ಕೇಳಿದೆವು. ಒಪ್ಪುತ್ತೇನೆ, ಚೆನ್ನಾಗಿದೆ. ಆದರೆ ಗಡಿಯಾರಗಳ ಸದ್ದು, ಗಲ್ಲಾಪೆಟ್ಟಿಗೆ ಸದ್ದು ನನಗೆ ಮದುವೆಮನೆ ಲೈಟಿಂಗ್ ಥರ ಕಂಡಿತು. ಮೊದಲ ಸಲ ಬಾಯಿ ಬಿಟ್ಟು ನೋಡುತ್ತೇವೆ, ಮೂರನೇ ಸಲಕ್ಕೆ ಯಾವಾಗ ಆರಿಸ್ತಾರೆ ಅನ್ನಿಸುತ್ತದೆ. ಮಾತಿಲ್ಲದೆ ಕೂಗಿ ಹಾಡುವ ಆ ಹೆಣ್ಣುದನಿ ಮಾತ್ರ ಬೇರೆಯದೇ ಮಾತು. ಕ್ಲೇರ್ ಟೋರಿ ಅಂತ. ಆಗ ಅವರಿಗೆ ಕೊಟ್ಟಿದ್ದು 30 ಪೌಂಡ್. ಅದರಲ್ಲಿ ತಮ್ಮದೂ ರಚನೆ ಇದೆ ಅಂತ ಹೆಸರು ಹಾಕಿಸಿಕೊಳ್ಳೋಕೆ ಮೂವತ್ತು ವರ್ಷದ ಮೇಲೆ ಕೋರ್ಟಿಗೆ ಹೋಗಬೇಕಾಯಿತು.

ಆಮೇಲೆ ಭಾಮೈದ ನನ್ನ ಡೈರಿ ತೆಗೆದುಕೊಂಡ. ಎಂಟು ವಾರಕ್ಕೆ 19 ಟಿಕ್ ಇದ್ದವು. ‘ಬನ್ನಿ, ನಿಮಗೆ ಗಿಲ್ಮೋರ್ ಎಷ್ಟು ಇಷ್ಟ ಅಂತ ತೋರಿಸ್ತೀನಿ’ ಅಂತ ಗಿಟಾರ್ ತೊಡೆ ಮೇಲಿಟ್ಟುಕೊಂಡು ಒಂದೊಂದೇ ಜಾಗಕ್ಕೆ ಹಾಡು ಓಡಿಸಿದ. ‘ಮಟಿಲ್ಡಾ ಮದರ್’: ಆರ್ಗನ್. ‘ಸಮ್ಮರ್ 68’: ಪಿಯಾನೋ. ಮೊದಲ ‘ಟಿಂಗ್’: ಪಿಯಾನೋದ ಒಂದು ಸ್ವರವನ್ನು ತಿರುಗುವ ಸ್ಪೀಕರಿನಿಂದ ಹಾಯಿಸಿದ್ದು. ಈ ವಾರದ ‘ಅಸ್ ಆಂಡ್ ದೆಮ್’: ಮತ್ತೆ ಆರ್ಗನ್, ಪಿಯಾನೋ. ಅವನ ಕೈ ತಂತಿ ಮೇಲೆ ಸುಮ್ನೆ ಕೂತಿತ್ತು. ನುಡಿಸೋಕೆ ಅಲ್ಲಿ ಗಿಟಾರ್ ಇದ್ದರೆ ತಾನೆ.

19ರಲ್ಲಿ 14 ಕೀಬೋರ್ಡ್.

‘ಭಾವ, ನಿಮಗೆ ಇಷ್ಟ ಆಗಿರೋದು ಆಲ್ಬಂ ಅಲ್ಲ, ಕೀಬೋರ್ಡ್ ನುಡಿಸೋ ರಿಚರ್ಡ್ ರೈಟ್’ ಅಂದ.

ಇಷ್ಟು ವರ್ಷ ಕೇಳಿದ್ದೀನಿ, ಆ ಹೆಸರನ್ನು ಒಂದು ಸಲವೂ ಗಮನಿಸಿರಲಿಲ್ಲ. ನಾವಿಬ್ಬರೂ ಜಗಳ ಆಡುತ್ತಿದ್ದುದು ಗಿಲ್ಮೋರ್ ದೊಡ್ಡವನೋ ವಾಟರ್ಸ್ ದೊಡ್ಡವನೋ ಅಂತ. ಆ ಜಗಳದಲ್ಲಿ ರೈಟ್ ಹೆಸರೇ ಬಂದಿರಲಿಲ್ಲ. ‘ಅಸ್ ಆಂಡ್ ದೆಮ್’ ರಾಗ ಮೂಲದಲ್ಲಿ ಅವನು ಒಂದು ಸಿನಿಮಾಕ್ಕೆ ಮಾಡಿದ್ದಂತೆ. ನಿರ್ದೇಶಕ ಆಂಟೋನಿಯೋನಿ ಬೇಡ ಅಂದ. ಬೇಡ ಅಂದಿದ್ದನ್ನು ಎತ್ತಿಟ್ಟುಕೊಂಡು ಮೂರ್ನಾಲ್ಕು ವರ್ಷ ಬಿಟ್ಟು ಇಲ್ಲಿ ಹಾಕಿದರು.

ವಾರ 9

ನನ್ನ ಆಲ್ಬಂ. 1975. ಇದಕ್ಕೆ ಡೈರಿ ಬೇಡ ಅಂದುಕೊಂಡಿದ್ದೆ, ಆದರೂ ತೆಗೆದೆ. ಮೊದಲ ನಿಮಿಷದ ಆ ಮಂಜಿನಂಥ ಸದ್ದು, ಗಿಟಾರ್ ಬರೋ ಮುಂಚಿನದು, ಪೂರ್ತಿ ಕೀಬೋರ್ಡ್. ಅದರ ಅಡಿಯಲ್ಲಿ ವೈನ್ ಗ್ಲಾಸುಗಳ ಅಂಚು ಉಜ್ಜಿ ತೆಗೆದ ಸದ್ದೂ ಇದೆ. ಮನೆ ಸಾಮಾನಿನಿಂದಲೇ ಒಂದು ಆಲ್ಬಂ ಮಾಡ್ತೀವಿ ಅಂತ ಹೊರಟು ಅರ್ಧಕ್ಕೆ ಬಿಟ್ಟಿದ್ದರು, ಅದರಲ್ಲಿ ಉಳಿದಿದ್ದು. ಹಾಸ್ಟೆಲ್ ಕ್ಯಾಸೆಟ್ಟಿನಲ್ಲಿ ಅದೆಲ್ಲ ಕೇಳಿಸಿರಲಿಲ್ಲ, ಬರೀ ಸುಯ್ ಅಂತಿತ್ತು.

ಆಲ್ಬಂನ ಉದ್ದದ ಹಾಡು ‘ಶೈನ್ ಆನ್ ಯು ಕ್ರೇಜಿ ಡೈಮಂಡ್’ ಸಿಡ್ ಬಗ್ಗೆ ಅಂತ ಗೊತ್ತಿತ್ತು. 1975ರ ಜೂನ್ 5ರಂದು ಇವರು ಅದೇ ಹಾಡಿನ ಕೆಲಸದಲ್ಲಿದ್ದಾಗ ಸ್ಟುಡಿಯೋಕ್ಕೆ ದಪ್ಪಗಿದ್ದ, ತಲೆ ಹುಬ್ಬು ಎರಡೂ ಬೋಳಿಸಿಕೊಂಡಿದ್ದ ಯಾರೋ ಬಂದು ನಿಂತರು. ಮೊದಲು ಯಾರಿಗೂ ಗುರುತು ಸಿಗಲಿಲ್ಲ. ಸಿಡ್. ಮೊದಲ ವಾರದಿಂದ ಅವನ ಜೊತೆ ನಡೆದುಕೊಂಡು ಬಂದಿದ್ದೆನಲ್ಲ, ಈ ಸಲ ಆ ಕಥೆ ಓದುವಾಗ ಗಂಟಲು ಕಟ್ಟಿತು.

ಸಿಗಾರ್ ಹಾಡು ಮಾತ್ರ ಬೇರೆ ಥರ ಕೇಳಿಸಿತು. ಅದರಲ್ಲಿ ರೆಕಾರ್ಡ್ ಕಂಪನಿಯ ದೊಡ್ಡ ಮನುಷ್ಯ ಇವರನ್ನು ಬಾಯಿ ತುಂಬ ಹೊಗಳಿ, ಕೊನೆಗೆ ‘ನಿಮ್ಮಲ್ಲಿ ಪಿಂಕ್ ಅಂದರೆ ಯಾರು’ ಅಂತ ಕೇಳುತ್ತಾನೆ. ಹೆಂಡತಿಗೆ ಅರ್ಥ ಹೇಳಿದೆ. ‘ಬಸವಣ್ಣ ಹೇಳಿದ್ದು ಅದೇ ಅಲ್ವಾ, ಹೊನ್ನಶೂಲ’ ಅಂದಳು. ಓವರ್‌ರೇಟೆಡ್‌ಗೆ ಕನ್ನಡದಲ್ಲಿ ಏನನ್ನಬೇಕು ಅಂತ ಎಂಟು ವಾರದಿಂದ ಹುಡುಕುತ್ತಿದ್ದೆ. ಅವಳು ತರಕಾರಿ ಹೆಚ್ಚುತ್ತಾ ಹೇಳಿಬಿಟ್ಟಳು. ಓವರ್‌ರೇಟೆಡ್ ಅಂದಾಗ ತಪ್ಪು ಸಂಗೀತಗಾರನದ್ದು ಅನ್ನಿಸುತ್ತದೆ. ಹೊನ್ನಶೂಲ ಅಂದರೆ ಚುಚ್ಚಿದವರು ನಾವು.

ಅದೇ ಹೊತ್ತಿಗೆ ಲಂಡನ್ನಿನಲ್ಲಿ ಜಾನಿ ರಾಟನ್ ಅನ್ನೋ ಹುಡುಗ ಪಿಂಕ್ ಫ್ಲಾಯ್ಡ್ ಟೀ ಶರ್ಟ್ ಮೇಲೆ ‘ನನಗೆ ದ್ವೇಷ’ ಅಂತ ಸೇರಿಸಿ ಬರೆದು ಓಡಾಡುತ್ತಿದ್ದ. ಎಷ್ಟೋ ವರ್ಷ ಬಿಟ್ಟು, ‘ಡಾರ್ಕ್ ಸೈಡ್’ ಇಷ್ಟವೇ ಅಂತ ಒಪ್ಪಿಕೊಂಡ. ನಾನು ಅಂಥ ಶರ್ಟ್ ಹಾಕಿರಲಿಲ್ಲ, ಅಷ್ಟು ಪುಣ್ಯ.

ವಾರ 10ರಿಂದ 12

ಇಲ್ಲಿಂದ ಡೈರಿ ಖಾಲಿ ಆಗತೊಡಗಿತು. 1977ರ ‘ಅನಿಮಲ್ಸ್’ನಲ್ಲಿ ರೈಟ್‌ಗೆ ಒಂದೂ ರಚನೆ ಇಲ್ಲ. ಒಂದೇ ಟಿಕ್, ‘ಶೀಪ್’ ಶುರುವಿನಲ್ಲಿ. ಅದು ರೈಟ್ ಒಬ್ಬನೇ ಎಲೆಕ್ಟ್ರಿಕ್ ಪಿಯಾನೋ ನುಡಿಸುವ ಜಾಗ, ರಚನೆಯಲ್ಲಿ ಹೆಸರು ಮಾತ್ರ ವಾಟರ್ಸ್‌ದು. ಮುಖಪುಟಕ್ಕೆ ಅಂತ ಪವರ್ ಸ್ಟೇಷನ್ ಮೇಲೆ ಕಟ್ಟಿದ್ದ ದೊಡ್ಡ ಹಂದಿ ಬಲೂನು ಹಗ್ಗ ಕಿತ್ತುಕೊಂಡು ವಿಮಾನಗಳ ದಾರಿಯಲ್ಲಿ ಹಾರಿ ಹೋಗಿದ್ದು ಮಾತ್ರ ನನ್ನ ಮಗಳಿಗೆ ಭಾರೀ ಇಷ್ಟವಾಯಿತು.

‘ದ ವಾಲ್’ ಹುಟ್ಟಿದ್ದು ಮಾಂಟ್ರಿಯಲ್‌ನಲ್ಲಿ ವಾಟರ್ಸ್ ಒಬ್ಬ ಅಭಿಮಾನಿ ಮೇಲೆ ಉಗಿದ ಮೇಲೆ. ಹೊನ್ನಶೂಲದ ಇನ್ನೊಂದು ತುದಿ. ಆ ಆಲ್ಬಂ ಮುಗಿಯೋ ಮುಂಚೆ ರೈಟ್‌ನನ್ನು ಬ್ಯಾಂಡಿನಿಂದ ತೆಗೆದರು. ಆಮೇಲಿನ ಕಾರ್ಯಕ್ರಮಗಳಿಗೆ ಸಂಬಳದ ಮೇಲೆ ಕರೆದುಕೊಂಡರು. ಆ ದೊಡ್ಡ ಗೋಡೆ ಕಟ್ಟಿ ಕೆಡವುವ ಖರ್ಚಿಗೆ ಮಿಕ್ಕ ಮೂವರಿಗೂ ನಷ್ಟ. ದುಡ್ಡು ನೋಡಿದವನು ಸಂಬಳದ ರೈಟ್ ಒಬ್ಬನೇ. ಇದನ್ನು ಓದಿ ನಾನು ಒಬ್ಬನೇ ಕೂತು ನಕ್ಕೆ.

1983ರದ್ದರಲ್ಲಿ ಅವನಿಲ್ಲ. ಟಿಕ್ ಸೊನ್ನೆ. ಭಾಮೈದ ಕೂಡ ವಾದ ಮಾಡಲಿಲ್ಲ.

ವಾರ 13, 14

ವಾಟರ್ಸ್ ಹೋದ, ರೈಟ್ ಮೆಲ್ಲಗೆ ವಾಪಸ್. 1994ರ ಆಲ್ಬಂನಲ್ಲಿ ಒಂದು ಹಾಡನ್ನು ಅವನೇ ಹಾಡಿದ್ದಾನೆ, ‘ವೇರಿಂಗ್ ದ ಇನ್‌ಸೈಡ್ ಔಟ್’. ಬಹಳ ದಿನ ಮಾತಾಡದವನು ಗಂಟಲು ಸರಿ ಮಾಡಿಕೊಂಡು ಮಾತಾಡಿದ ಹಾಗಿದೆ. ಅದೊಂದಕ್ಕೇ ನಾಲ್ಕು ಟಿಕ್. ಮಿಕ್ಕಿದ್ದೆಲ್ಲ ಏರ್‌ಪೋರ್ಟಿನಲ್ಲಿ ಹಾಕುವ ಸಂಗೀತ ಅಂದೆ. ಭಾಮೈದ ಎರಡು ದಿನ ಫೋನ್ ಎತ್ತಲಿಲ್ಲ.

ವಾರ 15

2014ರದ್ದು. ರೈಟ್ 2008ರಲ್ಲೇ ತೀರಿಕೊಂಡಿದ್ದ. 1993ರ ಸುಮಾರಿಗೆ ರೆಕಾರ್ಡ್ ಮಾಡಿ ಬಿಟ್ಟಿದ್ದ ತುಣುಕುಗಳನ್ನು ಗಿಲ್ಮೋರ್, ಡ್ರಮ್ಮರ್ ನಿಕ್ ಮೇಸನ್ ಸೇರಿ ಜೋಡಿಸಿದ್ದು. ಹೆಚ್ಚುಕಮ್ಮಿ ಪೂರ್ತಿ ಮಾತಿಲ್ಲದ ಸಂಗೀತ. ಇದು ನನಗೆ ಹೇಳಿ ಮಾಡಿಸಿದ್ದು ಆಗಬೇಕಿತ್ತು. ಆಗಲಿಲ್ಲ. ತಿಥಿ ಊಟದ ಹಾಗೆ, ಎಲ್ಲ ಬಡಿಸಿದ್ದಾರೆ, ಅವನಿಗೆ ಇಷ್ಟವಾದದ್ದೇ ಮಾಡಿದ್ದಾರೆ, ಉಣ್ಣೋಕೆ ಅವನಿಲ್ಲ.

ಲೆಕ್ಕ: 31 ಟಿಕ್, ಅದರಲ್ಲಿ 24 ರೈಟ್. ಇಷ್ಟವಾದ ಆಲ್ಬಂ ಹಳೆಯದು ಒಂದು, ಹೊಸದು ಅರ್ಧ. ಪಂಥದ ಪ್ರಕಾರ ದೋಸೆ ಕೊಡಿಸಬೇಕಾದವನು ಅವನೇ. ‘ಆದರೆ ಒಬ್ಬ ಮನುಷ್ಯನೇ ಪೂರ್ತಿ ಇಷ್ಟವಾದನಲ್ಲ ಭಾವ, ಅವನನ್ನ ಎಷ್ಟು ಆಲ್ಬಂ ಅಂತ ಹಿಡಿಯೋಣ?’ ಅಂತ ವಕೀಲರ ಥರ ಕೇಳುತ್ತಿದ್ದಾನೆ. ಭಾನುವಾರ ಕ್ಯೂನಲ್ಲಿ ನಿಂತು ತೀರ್ಮಾನ ಮಾಡೋಣ ಅಂದಿದ್ದೇನೆ.

ಒಂದು ವಿಷಯ ಉಳಿಯಿತು. ನನ್ನ ಆಲ್ಬಂನ ಕಟ್ಟಕಡೆಯಲ್ಲಿ, ಎಲ್ಲ ಕರಗಿ ಹೋಗುವಾಗ ಕೀಬೋರ್ಡಿನಲ್ಲಿ ಒಂದು ಪುಟ್ಟ ರಾಗ ಬಂದು ಹೋಗುತ್ತದೆ. ಅದು 1967ರಲ್ಲಿ ಸಿಡ್ ಬರೆದ ‘ಸೀ ಎಮಿಲಿ ಪ್ಲೇ’ ಹಾಡಿನ ತುಂಡು. ಇಂಗ್ಲೆಂಡಿನಲ್ಲಿ ಬಂದ ಮೊದಲ ಆಲ್ಬಂನಲ್ಲಿ ಆ ಹಾಡಿಲ್ಲ, ಬಿಡಿಯಾಗಿ ಬಂದಿತ್ತು. ಅದಕ್ಕೇ ಮೊದಲ ವಾರ ತಪ್ಪಿಸಿಕೊಂಡಿತ್ತು. ರೈಟ್ ಅದನ್ನು ಯಾರಿಗೂ ಗದ್ದಲ ಮಾಡದೆ ಅಲ್ಲಿ ಇಟ್ಟು ಎದ್ದು ಹೋಗಿದ್ದಾನೆ. ನನ್ನ ಕ್ಯಾಸೆಟ್ಟಿನಲ್ಲಿ ಅದು ಬರೋದು ಸೈಡ್ ಮುಗಿಯೋಕೆ ಇನ್ನೇನು ಸ್ವಲ್ಪ ಇದೆ ಅನ್ನುವಾಗ. ಆಗ ನನ್ನ ಕೈ ಯಾವಾಗಲೂ ಗುಂಡಿ ಮೇಲೆ ಇರುತ್ತಿತ್ತು, ರಾಜನ್-ನಾಗೇಂದ್ರ ಕಡೆ ತಿರುಗಿಸೋಕೆ.

ಟೇಪ್ ರೆಕಾರ್ಡರ್ ಅಟ್ಟದ ಮೇಲಿದೆ. ಬೆಲ್ಟ್ ಹೋಗಿದೆ. ಎಸ್.ಪಿ. ರೋಡಿನಲ್ಲಿ ವಿಚಾರಿಸಬೇಕು.