ಯಾರಿಗೋಸ್ಕರ ಎದ್ದೆ?

ಈ ಸೋಮವಾರ ಬೆಳಗಿನ ಐದೂಕಾಲಕ್ಕೆ ಸ್ವೆಟರ್ ಹಾಕಿಕೊಂಡು, ಷೂಗಳನ್ನು ಕೈಯಲ್ಲಿ ಹಿಡಿದು, ಸದ್ದಾಗದಂತೆ ನಡುಮನೆ ದಾಟುತ್ತಿದ್ದಾಗ ಅತ್ತೆ ಮಲಗಿದ್ದಲ್ಲಿಂದಲೇ ಕೇಳಿದರು: "ಯಾರಿಗೋಸ್ಕರ ಎದ್ದಿದ್ದೀಯವ್ವಾ ಇಷ್ಟು ಬೇಗ? ಹುಡುಗಂಗೆ ಪರೀಕ್ಷೆನಾ?"

"ಇಲ್ಲ ಅತ್ತೆ, ನಾನೇ ಒಂದು ಸುತ್ತು ನಡೆದು ಬರೋಣ ಅಂತ."

"ನಿನಗೋಸ್ಕರವಾ?" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಂಜು ಬೀಳ್ತಾ ಅದೆ, ತಲೆಗೆ ಏನಾರ ಕಟ್ಕೊ" ಎಂದು ಮಗ್ಗುಲು ಬದಲಿಸಿದರು.

ಸಂಕ್ರಾಂತಿಗೆಂದು ಮದ್ದೂರಿನ ಕಡೆಯ ಹಳ್ಳಿಯಿಂದ ಬಂದಿರುವ ಅತ್ತೆಗೆ ಗೊತ್ತಿರದ ಸಂಗತಿಯೆಂದರೆ, ದಸರಾ ಮುಗಿದಂದಿನಿಂದ ನಾನು ಬೆಳಿಗ್ಗೆ ಎದ್ದು ಮೈಸೂರಿನ ಕುಕ್ಕರಹಳ್ಳಿ ಕೆರೆ ಸುತ್ತುವ ಅಭ್ಯಾಸ ಮಾಡಿಕೊಳ್ಳುತ್ತಿದ್ದೇನೆ. ಅವರ ಮಾತಿನಲ್ಲಿ ಕೊಂಕಿರಲಿಲ್ಲ. ಸೊಸೆಯನ್ನು ಹಂಗಿಸುವ ಜಾಯಮಾನವೇ ಅವರದಲ್ಲ. ನನ್ನ ಹೆರಿಗೆಯ ಕಾಲದಲ್ಲಿ ನನ್ನ ತಾಯಿಗಿಂತ ಹೆಚ್ಚಾಗಿ ನನ್ನನ್ನು ನೋಡಿಕೊಂಡವರು ಅವರು. ಹಾಗಿದ್ದೂ ಕತ್ತಲಲ್ಲಿ ಸರಸ್ವತೀಪುರಂನ ಬೀದಿ ದಾಟಿ ಕೆರೆಯ ಏರಿಯ ಮೇಲೆ ನಡೆಯುವಷ್ಟು ಹೊತ್ತೂ ಆ ಎರಡನೆಯ ಪ್ರಶ್ನೆ, "ನಿನಗೋಸ್ಕರವಾ?" ಎಂಬ ಆ ನಿಜವಾದ ಅಚ್ಚರಿ, ನನ್ನ ಜೊತೆಗೇ ಬಂತು. ವಾರ ಮುಗಿಯುತ್ತಾ ಬಂದರೂ ಅದು ನನ್ನನ್ನು ಬಿಟ್ಟಿಲ್ಲ.

ಅತ್ತೆಯಷ್ಟು ಬೇಗ ಏಳುವವರನ್ನು ನಾನು ಕಂಡಿಲ್ಲ. ನಾಲ್ಕಕ್ಕೆ ಎದ್ದು ಕೊಟ್ಟಿಗೆಯ ಸಗಣಿ ಬಾಚಿ, ಹಸುಗಳಿಗೆ ಹುಲ್ಲು ಹಾಕಿ, ಹಾಲು ಕರೆದು ಡೈರಿಗೆ ಕಳುಹಿಸಿ, ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟು, ಕಬ್ಬಿನ ಗದ್ದೆಗೆ ನೀರು ಕಟ್ಟಲು ಹೋದ ಮಾವನವರಿಗೆ ಬುತ್ತಿ ಮಾಡುವ ಹೊತ್ತಿಗೆ ಊರಿನ ಎಷ್ಟೋ ಮನೆಗಳಲ್ಲಿ ಗಂಡಸರು ಕಣ್ಣನ್ನೂ ಬಿಟ್ಟಿರುತ್ತಿರಲಿಲ್ಲ. ಬೇಗ ಏಳುವುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಆ ಏಳುವಿಕೆಗೆ ಪ್ರತಿದಿನವೂ ಒಬ್ಬ ಒಡೆಯನಿದ್ದ: ಹಸು, ಡೈರಿಯ ಹೊತ್ತು, ಗಂಡ, ಮಕ್ಕಳ ಶಾಲೆ, ಇಲ್ಲವೇ ದೇವರು. ಯಾರಿಗೂ ಸಲ್ಲದ ಒಂದು ಬೆಳಗಿನ ಗಂಟೆ ಹೆಂಗಸಿನ ಕೈಯಲ್ಲಿ ಇರಬಹುದೆಂಬುದೇ ಅವರ ಎಣಿಕೆಗೆ ಬಂದಿರಲಿಲ್ಲ. ಆದ್ದರಿಂದಲೇ ಆ ಪ್ರಶ್ನೆ.

ಇದು ಧನುರ್ಮಾಸ. ನಮ್ಮ ಬೀದಿಯ ಕೊನೆಯ ದೇವಸ್ಥಾನದಲ್ಲಿ ಬೆಳಕು ಹರಿಯುವ ಮೊದಲೇ ಪೂಜೆ ಮುಗಿದು ಬಿಸಿ ಹುಗ್ಗಿ ಹಂಚುತ್ತಾರೆ. ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ನಾಲ್ಕೂವರೆಗೇ ಹೊರಟ ಹೆಂಗಸರನ್ನು ಯಾರಿಗೋಸ್ಕರ ಎದ್ದಿರಿ ಎಂದು ಯಾರೂ ಕೇಳುವುದಿಲ್ಲ. ಆಷಾಢ ಶುಕ್ರವಾರಗಳಲ್ಲಿ ಚಾಮುಂಡಿ ಬೆಟ್ಟದ ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹತ್ತುತ್ತಾ, ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುವ ಹೆಂಗಸರನ್ನು ನೋಡಿದ್ದೇನೆ. ಒಬ್ಬಾಕೆ ಎಡಗೈಯಲ್ಲಿ ಕುಂಕುಮದ ಬಟ್ಟಲು ಹಿಡಿದು, ಬಲಗೈಯ ಮೂರು ಬೆರಳನ್ನು ಅದ್ದಿ, ಬಗ್ಗಿ ಹಚ್ಚಿ, ಎದ್ದು, ಮುಂದಿನ ಮೆಟ್ಟಿಲಿಗೆ ಕಾಲಿಟ್ಟು ಮತ್ತೆ ಬಗ್ಗುತ್ತಿದ್ದರು. ನಂದಿಯ ಬಳಿ ಬರುವ ಹೊತ್ತಿಗೆ ಸೀರೆಯ ಅಂಚೆಲ್ಲ ಕೆಂಪಾಗಿ, ಬೆನ್ನು ಬೆವರಿನಿಂದ ತೊಯ್ದಿತ್ತು. ಯಾವ ಜಿಮ್ಮಿನ ತರಬೇತುದಾರನೂ ಅಷ್ಟು ಬಸ್ಕಿ ಹೊಡೆಸುವ ಧೈರ್ಯ ಮಾಡಲಾರ. ಅವರ ಭಕ್ತಿಯ ಬಗ್ಗೆ ನನಗೆ ಗೌರವವಿದೆ, ನಾನೂ ಹಾಗೆ ಹತ್ತಿದವಳೇ. ದೇವಿಗೋಸ್ಕರ ಸಾವಿರ ಸಲ ಬಗ್ಗುವ ಮೈಗೆ ತನಗೋಸ್ಕರ ಹತ್ತು ಸಲ ಬಗ್ಗಲು ಮನೆಯವರೆದುರು ಕಾರಣ ಕೊಡಬೇಕಾಗುತ್ತದೆ ಎಂಬುದಷ್ಟೇ ನನ್ನ ಸಂಕಟ.

ಕೆರೆಯ ಸುತ್ತಲಿನ ದಾರಿ ಸುಮಾರು ನಾಲ್ಕೂವರೆ ಕಿಲೋಮೀಟರ್ ಇದೆ. ಚುರುಕಾಗಿ ನಡೆದರೆ ಒಂದು ಗಂಟೆಯೊಳಗೆ ಮುಗಿಯುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಈ ಕೆರೆಯ ನೀರಿನ ಮೇಲೆ ಜನವರಿಯ ಮಂಜು ಕರಗುವ ಹೊತ್ತಿಗೆ ಹೆಜ್ಜಾರ್ಲೆಗಳು ಸಾಲಾಗಿ ಇಳಿಯುವುದನ್ನು ನೋಡಿದವರಿಗೆ ಹಾಸಿಗೆ ಬಿಟ್ಟು ಬಂದದ್ದಕ್ಕೆ ಬೇರೆ ಪ್ರತಿಫಲ ಬೇಕಾಗುವುದಿಲ್ಲ. ಅಲ್ಲಿ ನಡೆಯುವ ಗಂಡಸರನ್ನೂ ಹೆಂಗಸರನ್ನೂ ದೂರದಿಂದಲೇ ಬೇರ್ಪಡಿಸಿ ಹೇಳಬಹುದು. ನಿವೃತ್ತ ಗಂಡಸರು ನಾಲ್ಕೈದು ಮಂದಿ ಅಗಲವಾಗಿ ಸಾಲು ಕಟ್ಟಿ, ರಾಜಕೀಯ ಮಾತನಾಡುತ್ತಾ ದಾರಿಯನ್ನೆಲ್ಲ ತುಂಬಿಕೊಂಡು ನಡೆಯುತ್ತಾರೆ. ಹಿಂದಿನಿಂದ ಬರುವವರಿಗೆ ಜಾಗ ಬಿಡಬೇಕೆಂಬ ಯೋಚನೆ ಅವರಲ್ಲಿ ಹೆಚ್ಚಿನವರಿಗೆ ಇಲ್ಲ, ಅದು ನನಗೆ ಇಷ್ಟವಾಗುವುದಿಲ್ಲ. ಸುತ್ತು ಮುಗಿದ ಮೇಲೆ ಅವರು ಕಾಫಿಗೆ ಹೋಗುತ್ತಾರೆ. ಹೆಂಗಸರು ಅರ್ಧ ದಾರಿಗೇ ಗಡಿಯಾರ ನೋಡಿಕೊಂಡು ಹಿಂದಿರುಗುತ್ತಾರೆ. ಸೋಮವಾರವೇ, ಅತ್ತೆಯ ಪ್ರಶ್ನೆ ಇನ್ನೂ ಕಿವಿಯಲ್ಲಿದ್ದಾಗ, ನನ್ನ ಮುಂದೆ ನಡೆಯುತ್ತಿದ್ದ ಒಬ್ಬಾಕೆ ಫೋನಿನಲ್ಲಿ ಹೇಳುತ್ತಿದ್ದುದು ಕೇಳಿಸಿತು: "ಮೂರು ವಿಷಲ್ ಆದ್ಮೇಲೆ ಆಫ್ ಮಾಡು ಕಂದ, ಅಪ್ಪನ್ನ ಎಬ್ಬಿಸ್ಬೇಡ." ಕಾಲುಗಳು ಏರಿಯ ಮೇಲಿದ್ದವು, ಕಿವಿ ಅಡುಗೆಮನೆಯ ಕುಕ್ಕರಿನಲ್ಲಿತ್ತು. ಆ ಅಪ್ಪನನ್ನು ಎಬ್ಬಿಸಬಾರದು ಏಕೆ ಎಂದು ಕೇಳಬೇಕೆನಿಸಿತು.

ಅಭ್ಯಾಸದ ವಿಷಯ ಬಂದಾಗ ಎಲ್ಲರೂ ಮನಸ್ಸಿನ ಗಟ್ಟಿತನದ ಮಾತನ್ನೇ ಆಡುತ್ತಾರೆ. ಇಪ್ಪತ್ತೊಂದು ದಿನ ಬಿಡದೆ ಮಾಡಿದರೆ ಆಮೇಲೆ ತಾನಾಗಿಯೇ ಎಚ್ಚರವಾಗುತ್ತದೆ ಎಂದು ನನ್ನ ಪತಿ ಮೊದಲ ವಾರವೇ ಹೇಳಿದ್ದರು. 2009ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಮಂದಿಯನ್ನು ಹನ್ನೆರಡು ವಾರ ಗಮನಿಸಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳುತ್ತದೆ. ಒಂದು ಕೆಲಸ ಯೋಚನೆಯಿಲ್ಲದೆ ತಾನಾಗಿ ನಡೆಯುವ ಹಂತಕ್ಕೆ ಬರಲು ಸುಮಾರು 66 ದಿನ ಬೇಕಾಯಿತು. ಅವರ ಲೆಕ್ಕದಲ್ಲಿ ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254 ದಿನ ಬೇಕು. ನಡುವೆ ಒಂದು ದಿನ ತಪ್ಪಿದರೆ ಕಟ್ಟಿದ ಅಭ್ಯಾಸ ಕುಸಿಯುವುದಿಲ್ಲ ಎಂಬುದೂ ಅದರಲ್ಲಿ ಕಂಡುಬಂತು. ಒಂದು ದಿನ ತಪ್ಪಿತೆಂದು ಎಲ್ಲವನ್ನೂ ಕೈಬಿಡುವವರು ಇದನ್ನು ತಿಳಿದಿರಬೇಕು. ಆದರೆ ಆ ಅಧ್ಯಯನದ ತಿರುಳಿರುವುದು ಇನ್ನೊಂದು ಕಡೆ: ದಿನವೂ ಒಂದೇ ಸನ್ನಿವೇಶದಲ್ಲಿ, ಒಂದೇ ಸೂಚನೆಯ ಬೆನ್ನಿಗೇ ಆ ಕೆಲಸ ಮಾಡಬೇಕು. ಹಲ್ಲುಜ್ಜಿದ ತಕ್ಷಣ ಷೂ ಕಟ್ಟುವವನಿಗೆ ಹಲ್ಲುಜ್ಜುವುದೇ ಕರೆಗಂಟೆಯಾಗುತ್ತದೆ. ಇಂಥ ಬದಲಾಗದ ಬೆಳಗು ಯಾರ ಬಳಿ ಇದೆ? ಮಗನ ಟಿಫನ್ ಡಬ್ಬಿ, ಹಿರಿಯರ ಮಾತ್ರೆ, ಬಾರದ ಕೆಲಸದಾಕೆ, ನಸುಕಿನ ರೈಲಿಗೆ ಬರುವ ನೆಂಟರು, ನೀರು ಬಿಡುವ ಹೊತ್ತು, ಇವೆಲ್ಲ ಯಾರ ಬೆಳಗನ್ನು ದಿನಕ್ಕೊಂದು ರೀತಿ ಮಾಡುತ್ತವೆಯೋ ಅವರಿಗೆ ಆ ಕರೆಗಂಟೆ ಹೊಡೆಯುವುದೇ ಇಲ್ಲ. ಹೆಂಗಸರಿಗೆ ಶಿಸ್ತು ಕಡಿಮೆ, ನಾಲ್ಕು ದಿನ ಬಂದು ಬಿಟ್ಟುಬಿಡುತ್ತಾರೆ ಎಂದು ಕೆರೆಯ ಬಳಿ ಒಬ್ಬ ಹಿರಿಯರು ಬುಧವಾರ ನನ್ನೆದುರೇ ಹೇಳಿದರು. ಅವರು ಮೂವತ್ತು ವರ್ಷದಿಂದ ನಡೆಯುತ್ತಿದ್ದಾರಂತೆ. ಆ ಮೂವತ್ತು ವರ್ಷವೂ ಅವರು ಮನೆಗೆ ಮರಳುವ ಹೊತ್ತಿಗೆ ಕಾಫಿ ಸಿದ್ಧವಾಗಿರುತ್ತಿತ್ತು ಎಂದು ಅವರೇ ಅಭಿಮಾನದಿಂದ ಹೇಳಿಕೊಂಡರು.

ಕೇಂದ್ರ ಸರ್ಕಾರದ 2024ರ ಕಾಲಬಳಕೆ ಸಮೀಕ್ಷೆಯ ಪ್ರಕಾರ, ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಇದು ಮನೆಗೆಲಸಕ್ಕೆ ಕೈಹಾಕುವ ಗಂಡಸರ ಲೆಕ್ಕ ಮಾತ್ರ. ಕೈಹಾಕದವರು ಈ ಸರಾಸರಿಯ ಹೊರಗಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಂತೆ ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಬಿರುಸಿನ ವ್ಯಾಯಾಮ ಮಾಡಬೇಕು. ಈ ಎರಡು ಸಂಖ್ಯೆಗಳನ್ನು ಪಕ್ಕದಲ್ಲಿಟ್ಟು ನೋಡಿದಾಗ ನನಗೆ ನಿದ್ದೆ ಬರಲಿಲ್ಲ: ಹೆಂಗಸಿನ ಮತ್ತು ಗಂಡಸಿನ ಮನೆಗೆಲಸದ ನಡುವೆ ಒಂದೇ ದಿನದಲ್ಲಿ ಇರುವ ಅಂತರವು, ಒಂದು ವಾರಕ್ಕೆ ಬೇಕಾದ ವ್ಯಾಯಾಮದ ಕಾಲಕ್ಕಿಂತ ದೊಡ್ಡದು.

ಮನೆಗೆಲಸವೇ ವ್ಯಾಯಾಮವಲ್ಲವೇ ಎನ್ನುವವರಿದ್ದಾರೆ. ಬೀಸುವ ಕಲ್ಲು, ಒನಕೆ, ಬಾವಿಯ ಹಗ್ಗ ಇದ್ದ ಕಾಲದಲ್ಲಿ ಆ ಮಾತಿಗೆ ಹುರುಳಿತ್ತು. ಈಗಿನ ಅಡುಗೆಮನೆಯಲ್ಲಿ ಉಳಿದಿರುವುದು ನಿಂತೇ ಇರುವ ಕೆಲಸ. ಅದು ಸೊಂಟವನ್ನೂ ಹಿಮ್ಮಡಿಯನ್ನೂ ದಣಿಸುತ್ತದೆಯೇ ಹೊರತು ಉಸಿರನ್ನು ಏರಿಸುವುದಿಲ್ಲ.

ನಾಲ್ಕಕ್ಕೇ ಏಳಿ, ಬ್ರಾಹ್ಮೀ ಮುಹೂರ್ತ ತಪ್ಪಿಸಬೇಡಿ ಎಂಬ ಉಪದೇಶವೂ ಧಾರಾಳವಾಗಿ ಸಿಗುತ್ತದೆ. ಸೂರ್ಯೋದಯಕ್ಕೆ 96 ನಿಮಿಷ ಮೊದಲು ತೊಡಗಿ 48 ನಿಮಿಷ ಮೊದಲು ಮುಗಿಯುವ ಕಾಲ ಅದು. ಮೈಸೂರಿನಲ್ಲಿ ಜನವರಿಯ ಸೂರ್ಯೋದಯ ಆರೂಮುಕ್ಕಾಲರ ಸುಮಾರಿಗೆ ಆಗುವುದರಿಂದ, ಲೆಕ್ಕ ಹಾಕಿದರೆ ಐದು ಗಂಟೆ ದಾಟಿದ ಮೇಲೆಯೇ ಅದು ಶುರುವಾಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ನಿದ್ದೆ. ದೊಡ್ಡವರಿಗೆ ಕನಿಷ್ಠ ಏಳು ಗಂಟೆ ನಿದ್ದೆ ಬೇಕೆಂದು ವೈದ್ಯರು ಹೇಳುತ್ತಾರೆ. ಐದಕ್ಕೆ ಏಳಬೇಕಾದರೆ ಹತ್ತಕ್ಕೆ ಮಲಗಬೇಕು. ಹಾಲು ಹೆಪ್ಪು ಹಾಕಿ, ದೋಸೆ ಹಿಟ್ಟು ಮುಚ್ಚಿಟ್ಟು, ಸ್ಟೌ ಒರೆಸಿ, ಮುಂಬಾಗಿಲ ಚಿಲಕ ನೋಡಿ ಮನೆಯಲ್ಲಿ ಕಡೆಯದಾಗಿ ಮಲಗುವವರು ಯಾರೆಂದು ಎಲ್ಲ ಮನೆಗಳಿಗೂ ಗೊತ್ತು. ರಾತ್ರಿ ಹನ್ನೊಂದಕ್ಕೆ ಮಲಗಿದ ಹೆಂಗಸು ಐದಕ್ಕೆ ಎದ್ದು ನಡೆದರೆ ಅವಳು ಒಂದು ಆರೋಗ್ಯವನ್ನು ಕೊಟ್ಟು ಇನ್ನೊಂದನ್ನು ಕೊಂಡಂತಾಯಿತು. ಬೆಳಗನ್ನು ಬಿಡಿಸಿಕೊಡುವ ಮನೆ ರಾತ್ರಿಯ ಒಂದು ಗಂಟೆಯನ್ನೂ ಬಿಡಿಸಿಕೊಡಬೇಕು.

ನಮ್ಮದು ಯೋಗದ ಊರು ಎಂದು ಹೆಮ್ಮೆಪಡುತ್ತೇವೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರ ಯೋಗಶಾಲೆ ಶುರುವಾಯಿತು. ರೀಗಾದಲ್ಲಿ ಹುಟ್ಟಿ, ಮುಂದೆ ಇಂದ್ರಾದೇವಿ ಎಂದು ಹೆಸರಾದ ಮಹಿಳೆ ಆ ದಶಕದ ಕೊನೆಯಲ್ಲಿ ಅಲ್ಲಿಗೆ ಬಂದು ತನಗೂ ಯೋಗ ಕಲಿಸಬೇಕೆಂದು ಕೇಳಿದಾಗ ಆಚಾರ್ಯರು ಮೊದಲು ಒಪ್ಪಲಿಲ್ಲ. ಮಹಾರಾಜರು ಹೇಳಿದ ಮೇಲೆ ಸೇರಿಸಿಕೊಂಡರು. ಕಡೆಗೆ ನೀನೂ ಕಲಿಸು ಎಂದು ಅವರೇ ಹರಸಿ ಕಳುಹಿಸಿದರು. ಆಕೆ ನೂರೆರಡು ವರ್ಷ ಬದುಕಿದರು. ತನ್ನ ಮೈಯನ್ನು ತಾನು ನೋಡಿಕೊಳ್ಳುತ್ತೇನೆ ಎಂದ ಹೆಂಗಸಿಗೆ ಇದೇ ಊರಿನಲ್ಲಿ ಅಂದು ಮಹಾರಾಜರ ಮಾತೇ ಬೇಕಾಯಿತು. ನಮ್ಮ ಮನೆಗಳಲ್ಲಿ ಆ ಮಾತು ಹೇಳುವವರು ಯಾರು ಎಂದು ಈ ವಾರವೆಲ್ಲ ಯೋಚಿಸಿದ್ದೇನೆ.

ಗುರುವಾರ ಮಧ್ಯಾಹ್ನ ಅವರೆಕಾಳು ಬಿಡಿಸುತ್ತಾ ಕೂತಿದ್ದಾಗ ಅತ್ತೆಯೇ ಆ ಮಾತೆತ್ತಿದರು. ಸಕ್ಕರೆ ಕಾಯಿಲೆ ಗೊತ್ತಾದಾಗ ಮಂಡ್ಯದ ಡಾಕ್ಟರು ದಿನಾ ಅರ್ಧ ಗಂಟೆ ನಡೆಯಲು ಹೇಳಿದ್ದರಂತೆ. "ಎರಡು ದಿನ ಹೋದೆ ಕಣವ್ವ. ಎಲ್ಲಿಗ್ಹೋಗ್ತಾ ಇದ್ದೀಯೆ ಅಂತ ಸಿಕ್ದೋರೆಲ್ಲ ಕೇಳೋರು. ಎಲ್ಲಿಗೂ ಇಲ್ಲ ಅನ್ನೋಕಾಯ್ತದಾ? ಮೂರನೇ ದಿನ ಕುಡುಗೋಲು ಹಿಡ್ಕೊಂಡು ಹೋದೆ, ಹುಲ್ಲಿಗೆ ಅಂತ. ಆಮೇಲೆ ಹುಲ್ಲೇ ಹೊತ್ಕೊಂಡು ಬರೋದಾಯ್ತು." ತಲೆಯ ಮೇಲೆ ಹೊರೆ, ಮೊದಲೇ ನೋಯುತ್ತಿದ್ದ ಮಂಡಿ; ನಡಿಗೆ ಅಲ್ಲಿಗೆ ನಿಂತಿತು. ಯಾರಿಗೋಸ್ಕರ ಎಂದು ಸೋಮವಾರ ನನ್ನನ್ನು ಕೇಳಿದವರಿಗೆ, ಎಲ್ಲಿಗೆ ಎಂದು ಊರೇ ಕೇಳಿತ್ತು. ಉತ್ತರವಿಲ್ಲದೆ ಅವರು ಕುಡುಗೋಲು ಹಿಡಿದಿದ್ದರು. ಈ ಮಾತು ಕೇಳಿದ ಮೇಲೆ, ಅವರ ಅಚ್ಚರಿಯಲ್ಲಿ ನನಗೆ ಕೇಳಿಸಿದ ದನಿಯೇ ಬೇರೆಯಾಯಿತು.

ಆ ರಾತ್ರಿ ಊಟದ ಮೇಲೆ ನಾನು ಪತಿಯೊಡನೆ ನೇರವಾಗಿ ಮಾತನಾಡಿದೆ. ವಾರಕ್ಕೆ ನಾಲ್ಕು ಬೆಳಗು ನನಗೆ ಬೇಕು. ಆ ನಾಲ್ಕು ದಿನ ತಿಂಡಿ, ಮಗನ ಡಬ್ಬಿ, ಅತ್ತೆಯ ಮಾತ್ರೆ ಅವರ ಪಾಲಿಗೆ, ಹಿಂದಿನ ರಾತ್ರಿಯ ಅಡುಗೆಮನೆಯೂ ಅವರದೇ. ಇದನ್ನು ಸಹಾಯವೆಂದು ಕರೆಯಬಾರದು ಎಂದೂ ಹೇಳಿದೆ. ಅವರು ಒಳ್ಳೆಯವರು, ಆದರೆ ತಿಂಡಿಯೆಂದರೆ ಉಪ್ಪಿಟ್ಟು ಮಾತ್ರ ಬರುತ್ತದೆ. ಮಗ ನಾಲ್ಕು ದಿನವೂ ಉಪ್ಪಿಟ್ಟು ತಿನ್ನಲಾರೆನೆಂದ. ಹಾಗಾದರೆ ಎರಡು ದಿನ ನೀನೇ ಬ್ರೆಡ್ಡಿಗೆ ಚಟ್ನಿ ಹಚ್ಚಿಕೋ ಎಂದು ಅವರು ಹೇಳಿದರು, ಅವನು ಒಪ್ಪಿದ. ಸೋಮವಾರ, ಮಂಗಳವಾರ, ಶುಕ್ರವಾರ ನಿಶ್ಚಯವಾಗಿವೆ. ನಾಲ್ಕನೆಯ ದಿನವಾಗಿ ನಾನು ಬುಧವಾರ ಕೇಳುತ್ತಿದ್ದೇನೆ. ಅಂದು ಅವರಿಗೆ ಕಚೇರಿಯಲ್ಲಿ ಬೆಳಿಗ್ಗೆಯೇ ಮೀಟಿಂಗ್ ಇರುವುದರಿಂದ ಭಾನುವಾರ ತೆಗೆದುಕೊ ಎನ್ನುತ್ತಾರೆ. ಭಾನುವಾರ ಎಲ್ಲರೂ ತಡವಾಗಿ ಏಳುವ ದಿನ, ಅದನ್ನು ಕೊಡುವುದು ಅವರಿಗೆ ಸುಲಭ. ಬುಧವಾರದ ಬಗ್ಗೆ ಮಾತು ಇನ್ನೂ ಮುಗಿದಿಲ್ಲ, ನಾನು ಬಿಟ್ಟುಕೊಡುವುದೂ ಇಲ್ಲ.