ಆಕ್ಟೇವಿಯಾ ಆರ್‌ಎಸ್‌ಗೆ ಸ್ಟೇಜ್ 1: ಬೆಂಗಳೂರಿನ ಗಾಳಿ, ಬಂಕಿನ ಪೆಟ್ರೋಲು, ಲಾಗಿನ ಲೆಕ್ಕ

ಸ್ಟೇಜ್ 1 ಅಂದರೆ ಇಂಜಿನ್ನಿನ ಒಂದು ಬೋಲ್ಟನ್ನೂ ಬಿಚ್ಚದೆ ಶಕ್ತಿ ಹೆಚ್ಚಿಸಲು ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಒಳಗಿನ ಫೈಲ್, ಅಂದರೆ ಸಾಫ್ಟ್‌ವೇರ್, ಬದಲಾಯಿಸುವುದು, ಅಷ್ಟೇ. 2017ರಲ್ಲಿ ಇಲ್ಲಿಗೆ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕಂಪನಿಯಿಂದಲೇ 230 ಪಿಎಸ್ ಶಕ್ತಿ, 350 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಹೊತ್ತು ಬಂದ ಗಾಡಿ. ಅದೇ ಇಎ888 ಇಂಜಿನ್, ಅದೇ ಐಎಸ್20 ಟರ್ಬೊ (ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುವ ಪಂಪು) ಇಟ್ಟುಕೊಂಡು ಯೂರೋಪಿನಲ್ಲಿ 98 ಆಕ್ಟೇನ್ ಪೆಟ್ರೋಲಿನ ಮೇಲೆ 300 ಪಿಎಸ್ ಆಸುಪಾಸು ತೆಗೆಯುತ್ತಾರೆ. ಆಕ್ಟೇನ್ ಹೆಚ್ಚಿದಷ್ಟೂ ಪೆಟ್ರೋಲು ಒತ್ತಡಕ್ಕೆ ತಾನಾಗಿ ಹತ್ತಿಕೊಳ್ಳುವುದು ಕಡಿಮೆ. ಅಲ್ಲಿ ಬರೆದ ಆ ಫೈಲನ್ನು ಇಲ್ಲಿಗೆ ತಂದು ಹಾಗ್ಹಾಗೇ ತುಂಬಿದಾಗ ತೊಂದರೆ ಶುರು.

ಮೊದಲು ಗಾಳಿಯ ಲೆಕ್ಕ ನೋಡಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರ. ಮಂಗಳೂರಿನಲ್ಲಿ ಗಾಳಿಯ ಒತ್ತಡ 1.01 ಬಾರ್ ಇದ್ದರೆ ಇಲ್ಲಿ 0.91ರ ಹತ್ತಿರ. ಇಸಿಯುಗೆ ಬೇಕಿರುವುದು ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಒಳಗಿನ ಒಟ್ಟು ಒತ್ತಡ. ಫೈಲ್ 2.5 ಬಾರ್ ಕೇಳಿತು ಅಂದುಕೊಳ್ಳಿ. ಮಂಗಳೂರಿನಲ್ಲಿ ಟರ್ಬೊ ಗಾಳಿಯನ್ನು 2.47 ಪಟ್ಟು ಒತ್ತಿದರೆ ಸಾಕು. ಬೆಂಗಳೂರಿನಲ್ಲಿ ಅದೇ ಒತ್ತಡಕ್ಕೆ 2.75 ಪಟ್ಟು ಒತ್ತಬೇಕು. ಹೊರಗೆ 30 ಡಿಗ್ರಿ ಇದ್ದು ಕಂಪ್ರೆಸರ್ ದಕ್ಷತೆ ಶೇ. 70 ಅಂತ ಹಿಡಿದರೆ, ಟರ್ಬೊ ಬಾಯಿಂದ ಹೊರಬರುವ ಗಾಳಿ ಮಂಗಳೂರಿನಲ್ಲಿ 158 ಡಿಗ್ರಿ, ಇಲ್ಲಿ 175. ಐಎಸ್20 ಪುಟ್ಟ ಟರ್ಬೊ. ಅದನ್ನು ಈ ಮಟ್ಟಕ್ಕೆ ತಿರುಗಿಸಿದರೆ ದಕ್ಷತೆ 70ರಲ್ಲಿ ನಿಲ್ಲುವುದೂ ಇಲ್ಲ, ಬಿಸಿ ಇನ್ನೂ ಏರುತ್ತದೆ. ಶಾಫ್ಟ್ ತಡೆದುಕೊಳ್ಳಬೇಕಾದ ವೇಗವೂ ಜಾಸ್ತಿ. ಹಾಗಾಗಿ ಬೆಂಗಳೂರಿಗೆ ಬರೆಯುವ ಫೈಲಿನಲ್ಲಿ 5,000 ಆರ್‌ಪಿಎಂ ದಾಟಿದ ಮೇಲೆ ಬೂಸ್ಟ್ (ಹೊರಗಿನ ಗಾಳಿಯ ಮೇಲೆ ಟರ್ಬೊ ಸೇರಿಸುವ ಒತ್ತಡ) ಇಳಿಸುತ್ತಾ ಬರಬೇಕು. ಕೊನೆಯ ಹತ್ತು ಕುದುರೆಗಳ ಆಸೆಗೆ ಅಲ್ಲಿ ಬೂಸ್ಟ್ ಹಿಡಿದಿಟ್ಟರೆ ಸಿಗುವುದು ಬಿಸಿಗಾಳಿ ಮಾತ್ರ.

ಡೈನೊ (ಗಾಡಿಯನ್ನು ರೋಲರ್ ಮೇಲೆ ಓಡಿಸಿ ಶಕ್ತಿ ಅಳೆಯುವ ಯಂತ್ರ) ಕೊಡುವ ಕಾಗದದ ವಿಷಯವೂ ಇದಕ್ಕೆ ಅಂಟಿಕೊಂಡಿದೆ. ಡೈನೊ ಸಾಫ್ಟ್‌ವೇರ್ ಎತ್ತರ, ತಾಪಮಾನ ನೋಡಿ ಫಲಿತಾಂಶವನ್ನು 'ತಿದ್ದುತ್ತದೆ'. ಬೆಂಗಳೂರಿನ ಹವೆಗೆ ಆ ತಿದ್ದುಪಡಿ ಶೇ. 12ರಿಂದ 14ರವರೆಗೂ ಹೋಗುತ್ತದೆ. ಟರ್ಬೊ ಇಲ್ಲದ ಇಂಜಿನ್ನಿಗೆ ಇದು ನ್ಯಾಯವೇ. ಆದರೆ ಟರ್ಬೊ ಆ ಕೊರತೆಯನ್ನು ತಾನೇ ಬಹುಪಾಲು ತುಂಬಿಕೊಂಡಿರುತ್ತದೆ, ಅದರ ಮೇಲೆ ಮತ್ತೆ 14 ಸೇರಿಸಿದರೆ 265 ಇದ್ದದ್ದು 300 ಆಗಿ ಕೂರುತ್ತದೆ. ಕಾಗದ ಕೈಗೆ ಬಂದ ತಕ್ಷಣ ಕರೆಕ್ಷನ್ ಫ್ಯಾಕ್ಟರ್ ಎಷ್ಟು ಹಾಕಿದ್ದಾರೆ ಕೇಳಿ. ಫೈಲ್‌ಗೆ ಮುಂಚೆ, ಫೈಲ್ ಆದ ಮೇಲೆ, ಎರಡೂ ಅದೇ ಡೈನೊದಲ್ಲಿ ಕರೆಕ್ಷನ್ ಇಲ್ಲದೆ ತೆಗೆದ ಅಂಕಿಯಾದರೆ ಮಾತ್ರ ಹೋಲಿಕೆಗೆ ಅರ್ಥ. ಇಲ್ಲಿನ ಪೆಟ್ರೋಲಿಗೆ 270–280 ಆರೋಗ್ಯಕರ ಗುರಿ ಅನ್ನುವುದು ನನ್ನ ಅಭಿಪ್ರಾಯ. ಅದಕ್ಕಿಂತ ಹೆಚ್ಚು ಬರೆದುಕೊಡುತ್ತೇವೆ ಅನ್ನುವವರನ್ನು ಮುಂದೆ ಹೇಳುವ ಲಾಗ್ (ಓಡುವಾಗ ಇಸಿಯು ಕೊಡುವ ಅಂಕಿಗಳ ದಾಖಲೆ) ತೋರಿಸಿ ಅಂತ ಕೇಳಿ.

ಫೈಲ್‌ಗೆ ಮುಂಚೆ ಗಾಡಿ ಸ್ಟಾಕ್ (ಕಂಪನಿಯಿಂದ ಬಂದ) ಸ್ಥಿತಿಯಲ್ಲೇ ಸರಿಯಿರಬೇಕು. ಈ ಇಂಜಿನ್ನಿನ ವಾಟರ್ ಪಂಪ್ ಮತ್ತು ಥರ್ಮೋಸ್ಟಾಟ್ ಒಂದೇ ಪ್ಲಾಸ್ಟಿಕ್ ಹೌಸಿಂಗ್‌ನಲ್ಲಿ ಕೂತಿರುತ್ತವೆ, ಜಾಗ ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗೆ. ಬಿಸಿ-ತಣ್ಣಗೆ ಆಗಿ ಆಗಿ ಅದು ಸೊಟ್ಟಗಾಗಿ ಕೂಲಂಟ್ ಜಿನುಗುತ್ತದೆ. ಬಾನೆಟ್ ಎತ್ತಿದಾಗ ಸಿಹಿವಾಸನೆ, ಹೌಸಿಂಗ್ ಕೆಳಗೆ ಗುಲಾಬಿ ಬಣ್ಣದ ಒಣಕಲು, ತಿಂಗಳಿಗಿಷ್ಟು ಅಂತ ಇಳಿಯುವ ಕೂಲಂಟ್: ಇವುಗಳಲ್ಲಿ ಒಂದು ಕಂಡರೂ ಮೊದಲು ಅದನ್ನು ಬದಲಾಯಿಸಿ. ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲು ನೇರ ಸಿಲಿಂಡರ್ ಒಳಗೇ ಚಿಮ್ಮುವುದು) ಆದ್ದರಿಂದ ಇನ್‌ಟೇಕ್ ವಾಲ್ವ್‌ಗಳ ಬೆನ್ನಿಗೆ ಕಾರ್ಬನ್ ಕಟ್ಟುತ್ತದೆ. ಬೆಳಿಗ್ಗೆ ತಣ್ಣಗಿದ್ದಾಗ ಐಡಲ್ ನಡುಗುತ್ತಿದ್ದರೆ, ಮಿಸ್‌ಫೈರ್ ಎಣಿಕೆ ಏರುತ್ತಿದ್ದರೆ ವಾಲ್‌ನಟ್ ಬ್ಲಾಸ್ಟಿಂಗ್ (ಅಕ್ರೋಟು ಚಿಪ್ಪಿನ ಪುಡಿ ಊದಿ ಕಾರ್ಬನ್ ಕೆರೆಯುವುದು) ಮಾಡಿಸಬೇಕು. ಪೆಟ್ರೋಲ್ ಟ್ಯಾಂಕಿಗೆ ಸುರಿಯುವ ಕ್ಲೀನರ್ ಬಾಟಲಿ ಆ ವಾಲ್ವಿನ ಬೆನ್ನನ್ನು ಮುಟ್ಟುವುದೇ ಇಲ್ಲ, ಯಾಕೆಂದರೆ ಪೆಟ್ರೋಲೇ ಆ ದಾರಿಯಲ್ಲಿ ಹೋಗುವುದಿಲ್ಲ.

ಸ್ಪಾರ್ಕ್ ಪ್ಲಗ್ ಹೊಸದಾಗಿರಲಿ, ಒಂದು ಹೀಟ್ ರೇಂಜ್ ತಣ್ಣಗಿರಲಿ (ಬಿಸಿಯನ್ನು ಬೇಗ ಬಿಟ್ಟುಕೊಡುವಂಥದ್ದು). ಕಿಡಿ ಹಾರುವ ಗ್ಯಾಪ್ 0.6 ಮಿಲಿಮೀಟರ್. ಬೂಸ್ಟ್ ಏರಿದಷ್ಟೂ ದಟ್ಟವಾದ ಗಾಳಿಯಲ್ಲಿ ಕಿಡಿ ಹಾರುವುದು ಕಷ್ಟ, ಗ್ಯಾಪ್ ದೊಡ್ಡದಿದ್ದರೆ ಫುಲ್ ಥ್ರಾಟಲ್‌ನಲ್ಲಿ ಗಾಡಿ ಕೆಮ್ಮುತ್ತದೆ. ಗ್ಯಾಪ್ ತಿದ್ದುವಾಗ ನಡುವಿನ ಇರಿಡಿಯಂ ತುದಿಗೆ ಟೂಲ್ ತಾಗಬಾರದು, ಹೊರಗಿನ ಪಟ್ಟಿಯನ್ನಷ್ಟೇ ಬಗ್ಗಿಸಬೇಕು. ಆಮೇಲೆ ಟರ್ಬೊದಿಂದ ಥ್ರಾಟಲ್‌ವರೆಗಿನ ಪೈಪುಗಳಿಗೆ ಒಮ್ಮೆ 1 ಬಾರ್ ಗಾಳಿ ತುಂಬಿ ಲೀಕ್ ಟೆಸ್ಟ್. ಕಪ್ಲರ್ ಕ್ಲಿಪ್ ಅರ್ಧ ಕೂತಿದ್ದರೆ ಸ್ಟಾಕ್ ಬೂಸ್ಟ್‌ನಲ್ಲಿ ಗೊತ್ತಾಗುವುದಿಲ್ಲ. ಫೈಲ್ ಆದ ಮೇಲೆ, ಸೋರಿದ ಗಾಳಿಯನ್ನೂ ಸೇರಿಸಿ ಒತ್ತಲು ಟರ್ಬೊ ಮಿತಿಮೀರಿ ತಿರುಗುತ್ತದೆ. ಐಎಸ್20 ಸಾಯುವ ದಾರಿಗಳಲ್ಲಿ ಇದೂ ಒಂದು.

ದುಡ್ಡು ಹಾಕುವುದಾದರೆ ಮೊದಲು ಇಂಟರ್‌ಕೂಲರ್‌ಗೆ (ಟರ್ಬೊದಿಂದ ಬಂದ ಬಿಸಿಗಾಳಿಯನ್ನು ತಣಿಸುವ ಭಾಗ) ಹಾಕಿ. ಸ್ಟಾಕ್ ಇಂಟರ್‌ಕೂಲರ್ ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ಮಧ್ಯೆ ಸ್ಯಾಂಡ್‌ವಿಚ್ ಆಗಿದೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಹತ್ತು ನಿಮಿಷ ಎಸಿ ಹಾಕಿಕೊಂಡು ನಿಂತರೆ ಅದಕ್ಕೆ ಸಿಗುವುದು ಕಂಡೆನ್ಸರ್ ಬಿಟ್ಟ ಬಿಸಿಗಾಳಿ, ಹಿಂದಿನಿಂದ ರೇಡಿಯೇಟರ್ ಕಾವು. ಅಲ್ಲಿಂದ ಹೊರಟು ಮೊದಲ ಸಲ ಒತ್ತಿದಾಗ ಇನ್‌ಟೇಕ್ ತಾಪಮಾನ 60 ದಾಟಿರುತ್ತದೆ, ಇಸಿಯು ಟೈಮಿಂಗ್ ಹಿಂದಕ್ಕೆ ಎಳೆಯುತ್ತದೆ, ಅಂದರೆ ಕಿಡಿಯನ್ನು ತಡಮಾಡಿ ಹಾರಿಸುತ್ತದೆ. 'ಫೈಲ್ ಹಾಕಿಸಿದ ದಿನ ಇದ್ದ ಪಿಕಪ್ ಈಗಿಲ್ಲ' ಅನ್ನುವ ದೂರಿನ ಮೂಲ ಸಾಮಾನ್ಯವಾಗಿ ಇದೇ. ಆದರೆ ಸಿಕ್ಕಿದ್ದರಲ್ಲೇ ದಪ್ಪಗಿನದು ತಂದು ಹಾಕಬೇಡಿ. ಕೋರ್ ತೀರಾ ದಪ್ಪ, ರೆಕ್ಕೆಗಳು ತೀರಾ ಒತ್ತಾಗಿದ್ದರೆ ಹಿಂದಿನ ರೇಡಿಯೇಟರ್‌ಗೆ ಗಾಳಿ ತಲುಪುವುದಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಕಲಬುರಗಿ ಕಡೆ ಎಸಿ ಹಾಕಿಕೊಂಡು ಹೋಗುವಾಗ ಕೂಲಂಟ್ ತಾಪಮಾನ ಏರುತ್ತದೆ. ಒಳ್ಳೆಯ ಇಂಟರ್‌ಕೂಲರ್ ಗುರುತು ಹೀಗೆ: ಮೂರು ಪುಲ್ (ಫುಲ್ ಥ್ರಾಟಲ್ ಓಟ) ಹಿಂದುಹಿಂದೆಯೇ ತೆಗೆದರೂ ಇನ್‌ಟೇಕ್ ತಾಪಮಾನ ಹೊರಗಿನದ್ದಕ್ಕಿಂತ 15 ಡಿಗ್ರಿಗಿಂತ ಹೆಚ್ಚು ಮೇಲೆ ಹೋಗಬಾರದು.

ಪೆಟ್ರೋಲ್. ಫೈಲ್ ಬರೆಯುವ ಮುನ್ನ ಯಾವ ಆಕ್ಟೇನ್ ಅಂತ ನಿರ್ಧರಿಸಿ, ಆಮೇಲೆ ಅದನ್ನೇ ಹಾಕಿ. ಎಕ್ಸ್‌ಪಿ95, ಸ್ಪೀಡ್ 97, ಎಕ್ಸ್‌ಪಿ100 ಇವೆಲ್ಲ ದೊಡ್ಡ ಊರಿನ ಕೆಲವು ಬಂಕುಗಳಲ್ಲಿ ಸಿಗುತ್ತವೆ, ಸಕಲೇಶಪುರ ದಾಟಿದ ಮೇಲೆ ಸಿಕ್ಕೇ ಸಿಗುತ್ತದೆ ಅಂತ ನಂಬಿ ಹೊರಡುವ ಹಾಗಿಲ್ಲ. ಆದ್ದರಿಂದ 95ಕ್ಕೆ ಒಂದು, 97ಕ್ಕೆ ಒಂದು, ಹೀಗೆ ಎರಡು ಫೈಲ್ ಬರೆಸಿ, ಊರೂರು ಸುತ್ತುವವರು 95ರ ಫೈಲಿನಲ್ಲೇ ಇರುವುದು ಜಾಣತನ. ಆಕ್ಟೇನ್ ಬೂಸ್ಟರ್ ಬಾಟಲಿ ಮೇಲೆ 'ಐದು ಪಾಯಿಂಟ್ ಏರಿಕೆ' ಅಂತಿದ್ದರೆ ಒಂದು ಪಾಯಿಂಟ್ ಅಂದರೆ 0.1 ಆಕ್ಟೇನ್ ಇರಬಹುದು. ಅಂದರೆ 95 ಇದ್ದದ್ದು 95.5.

ಎಥೆನಾಲ್ ಬೇರೆ ಲೆಕ್ಕ. ಶುದ್ಧ ಪೆಟ್ರೋಲಿಗೆ ಒಂದು ಭಾಗಕ್ಕೆ 14.7 ಭಾಗ ಗಾಳಿ ಬೇಕು, ಶೇ. 20 ಎಥೆನಾಲ್ ಬೆರೆತ ಇ20ಕ್ಕೆ ಸುಮಾರು 13.5. ಅಂದರೆ ಅದೇ ಗಾಳಿಗೆ ಇಂಜೆಕ್ಟರ್‌ಗಳು ಶೇ. 8–9ರಷ್ಟು ಹೆಚ್ಚು ಸುರಿಯಬೇಕು. ಎಥೆನಾಲ್ ನಾಕಿಂಗ್ (ಸಿಲಿಂಡರ್ ಒಳಗೆ ಪೆಟ್ರೋಲು ತಾನಾಗಿ ಸಿಡಿಯುವುದು) ತಡೆಯುತ್ತದೆ ಅನ್ನುವುದು ನಿಜ, ಸ್ಟೇಜ್ 1ಕ್ಕೆ ಅದು ಅನುಕೂಲವೇ. ಆದರೆ ಹೈಪ್ರೆಶರ್ ಪಂಪ್ ಈಗಾಗಲೇ ಅಂಚಿನಲ್ಲಿದ್ದರೆ ಈ ಹೆಚ್ಚುವರಿ ಸುರಿತದಿಂದ ರೈಲ್ ಪ್ರೆಶರ್ (ಇಂಜೆಕ್ಟರ್‌ಗಳಿಗೆ ಹೋಗುವ ಪೆಟ್ರೋಲಿನ ಒತ್ತಡ) ಕುಸಿಯುತ್ತದೆ. ಎಥೆನಾಲ್ ಇಲ್ಲದ ಪೆಟ್ರೋಲಿನಿಂದ ಇ20ಕ್ಕೆ ಬದಲಾದಾಗ ಫ್ಯುಯಲ್ ಟ್ರಿಮ್ (ಪೆಟ್ರೋಲ್ ಪ್ರಮಾಣಕ್ಕೆ ಇಸಿಯು ಮಾಡಿಕೊಳ್ಳುವ ತಿದ್ದುಪಡಿ) ಕಲಿತುಕೊಳ್ಳಲು ಟೈಮ್ ಬೇಕು. ಟ್ಯಾಂಕ್ ತುಂಬಿಸಿ ಬಂಕಿನಿಂದ ಹೊರಬರುತ್ತಲೇ ಒತ್ತಬೇಡಿ, ಐವತ್ತು ಕಿಲೋಮೀಟರ್ ಸುಮ್ಮನೆ ಓಡಿಸಿ.

ಟಾರ್ಕ್ ಎಲ್ಲಿ ಬರಬೇಕು ಅನ್ನುವುದರಲ್ಲಿ ಟ್ಯೂನರ್‌ಗಳ ಜತೆ ಜಗಳ ಆಡಬೇಕಾಗುತ್ತದೆ. 2,000 ಆರ್‌ಪಿಎಂಗೇ 430 ನ್ಯೂಟನ್ ಮೀಟರ್ ಬಂದರೆ ಪಕ್ಕದಲ್ಲಿ ಕೂತವರು ಹೌದಪ್ಪ ಅನ್ನುತ್ತಾರೆ. ಆ ಜಾಗದಲ್ಲಿ ಪಿಸ್ಟನ್ ನಿಧಾನಕ್ಕೆ ಚಲಿಸುತ್ತಿರುತ್ತದೆ, ಸಿಲಿಂಡರ್ ಒಳಗಿನ ಒತ್ತಡ ಕನೆಕ್ಟಿಂಗ್ ರಾಡ್ ಮೇಲೆ ಹೆಚ್ಚು ಹೊತ್ತು ಕೂರುತ್ತದೆ. ಡೈರೆಕ್ಟ್ ಇಂಜೆಕ್ಷನ್ ಟರ್ಬೊಗಳ ಖಾಯಿಲೆಯಾದ ಕಡಿಮೆ ವೇಗದ ಪ್ರೀ-ಇಗ್ನಿಷನ್ ಕೂಡ ಇಲ್ಲೇ ಕಾಯುತ್ತಿರುತ್ತದೆ: ಸಿಲಿಂಡರ್ ಗೋಡೆಯ ಎಣ್ಣೆ-ಪೆಟ್ರೋಲ್ ಹನಿಯೊಂದು ಕಿಡಿಗೂ ಮುಂಚೆ ತಾನೇ ಹತ್ತಿಕೊಂಡರೆ, ಒಂದೇ ಏಟಿಗೆ ಪಿಸ್ಟನ್ನಿನ ರಿಂಗ್ ಕೂರುವ ಅಂಚು ಮುರಿಯಬಹುದು. ಟಾರ್ಕ್ ಶಿಖರವನ್ನು 2,800–3,000ಕ್ಕೆ ತಳ್ಳಿ, 400ರ ಹತ್ತಿರ ಕಟ್ಟಿ. ಆರನೇ ಗೇರಿನಲ್ಲಿ 1,500 ಆರ್‌ಪಿಎಂ ಇದ್ದಾಗ ಪ್ಯಾಡಲ್ ಎಳೆದು ಗೇರ್ ಇಳಿಸದೆ ಎಕ್ಸಲರೇಟರ್ ತುಳಿಯುವ ಅಭ್ಯಾಸ ಬಿಡಿ. ಎಣ್ಣೆ ವಿಡಬ್ಲ್ಯು 502 ಅಥವಾ 504 ಅನುಮೋದನೆ ಇರುವುದು, ಸುಮಾರು 5.7 ಲೀಟರ್, 15,000ಕ್ಕೆ ಕಾಯದೆ 7,500 ಕಿಲೋಮೀಟರಿಗೆ ಬದಲಾಯಿಸಿ.

ಗೇರ್‌ಬಾಕ್ಸ್ ಆರು ಗೇರಿನ ಡಿಕ್ಯು250, ಎಣ್ಣೆಯಲ್ಲಿ ಮುಳುಗಿದ ಕ್ಲಚ್. ಕಂಪನಿ ಲೆಕ್ಕದಲ್ಲಿ ಇದರ ಮಿತಿ 350 ನ್ಯೂಟನ್ ಮೀಟರ್, ಅಂದರೆ ಸ್ಟಾಕ್ ಗಾಡಿಯೇ ಅಂಚಿನಲ್ಲಿದೆ. ಹಾಗಾಗಿ ಇಸಿಯು ಜತೆಗೆ ಟಿಸಿಯು (ಗೇರ್‌ಬಾಕ್ಸ್ ನಡೆಸುವ ಕಂಪ್ಯೂಟರ್) ಫೈಲ್ ಕೂಡ ಹಾಕಿಸಬೇಕು, ಅದು ಕ್ಲಚ್ ಹಿಡಿತದ ಒತ್ತಡವನ್ನೂ ಟಾರ್ಕ್ ಮಿತಿಯನ್ನೂ ಏರಿಸುತ್ತದೆ. ಇಲ್ಲದಿದ್ದರೆ ಮೂರು-ನಾಲ್ಕನೇ ಗೇರಿನಲ್ಲಿ ಆರ್‌ಪಿಎಂ ಏರುತ್ತದೆ, ಗಾಡಿ ಏರುವುದಿಲ್ಲ. ಎಣ್ಣೆ ಮತ್ತು ಫಿಲ್ಟರ್ ಬದಲಾವಣೆಗೆ ಕಂಪನಿ 60,000 ಅನ್ನುತ್ತದೆ, ಸ್ಟೇಜ್ 1 ಗಾಡಿಗೆ 40,000 ಅಂದುಕೊಳ್ಳಿ. ಲೆವೆಲ್ ನೋಡುವಾಗ ಇಂಜಿನ್ ಓಡುತ್ತಿರಬೇಕು, ಗೇರ್‌ಬಾಕ್ಸ್ ಎಣ್ಣೆ 35ರಿಂದ 45 ಡಿಗ್ರಿ ಒಳಗಿರಬೇಕು. ತಾಪಮಾನವನ್ನು ಸ್ಕ್ಯಾನರ್‌ನಲ್ಲಿ ನೋಡದೆ ಪ್ಲಗ್ ಬಿಚ್ಚುವ ಗ್ಯಾರೇಜ್ ಆದರೆ ಗಾಡಿ ವಾಪಸ್ ತೆಗೆದುಕೊಂಡು ಬನ್ನಿ. ಎಣ್ಣೆ ಕಾದಾಗ ನೋಡಿದರೆ ಕಡಿಮೆ ಉಳಿಯುತ್ತದೆ, ತಣ್ಣಗಿದ್ದಾಗ ನೋಡಿದರೆ ಜಾಸ್ತಿ.

ಈಗ ಲಾಗ್. ಮೂರನೇ ಗೇರಿನಲ್ಲಿ, ಮ್ಯಾನುಯಲ್ ಮೋಡ್‌ನಲ್ಲಿ 2,000ದಿಂದ 6,500ರವರೆಗೆ ಒಂದೇ ತುಳಿತ. 6,000ಕ್ಕೇ ಗಾಡಿ 120 ದಾಟಿರುತ್ತದೆ, ಆದ್ದರಿಂದ ಇದು ನೈಸ್ ರೋಡಿನ ಕೆಲಸವಲ್ಲ, ಡೈನೊ ಅಥವಾ ಟ್ರ್ಯಾಕ್‌ನ ಕೆಲಸ. ನೋಡಬೇಕಾದವು: ಪ್ರತಿ ಸಿಲಿಂಡರಿನ ಟೈಮಿಂಗ್ ಹಿಂತೆಗೆತ, ಕೇಳಿದ ಬೂಸ್ಟ್ ಮತ್ತು ಸಿಕ್ಕ ಬೂಸ್ಟ್, ರೈಲ್ ಪ್ರೆಶರ್, ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಅನುಪಾತ), ಇನ್‌ಟೇಕ್ ತಾಪಮಾನ. ಒಂದು ಸಿಲಿಂಡರಿನಲ್ಲಿ ಆಗೊಮ್ಮೆ ಈಗೊಮ್ಮೆ 2–3 ಡಿಗ್ರಿ ಹಿಂದೆ ಹೋದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. 5 ದಾಟಿದರೆ ಕಾಲು ತೆಗೆಯಿರಿ. ನಾಲ್ಕೂ ಸಿಲಿಂಡರ್ ಒಟ್ಟಿಗೆ 4–5 ಎಳೆಯುತ್ತಿದ್ದರೆ ಅದು ಪೆಟ್ರೋಲ್ ಅಥವಾ ಬಿಸಿಯ ಸಮಸ್ಯೆ. ಉದಾಹರಣೆಗೆ, ಮೊದಲ ಪುಲ್‌ನಲ್ಲಿ ಇನ್‌ಟೇಕ್ 42 ಡಿಗ್ರಿ, ಹಿಂತೆಗೆತ 1.5, ಮೂರನೆಯದರಲ್ಲಿ 63 ಡಿಗ್ರಿ, ಹಿಂತೆಗೆತ 5 ಅಂತಿದ್ದರೆ ತಪ್ಪು ಇಂಟರ್‌ಕೂಲರಿನದು. ಮೊದಲ ಪುಲ್‌ನಲ್ಲೇ ತಣ್ಣಗಿದ್ದೂ ಎಲ್ಲವೂ 5 ಎಳೆದರೆ ಟ್ಯಾಂಕಿನಲ್ಲಿರುವುದನ್ನು ಅನುಮಾನಿಸಿ. ಮೂರನೇ ಸಿಲಿಂಡರ್ ಒಂದೇ ಪದೇಪದೇ ಎಳೆಯುತ್ತಿದೆಯೋ, ಅದರ ಪ್ಲಗ್ ಮತ್ತು ಕಾಯಿಲ್ ತೆಗೆದು ಎರಡನೆಯದಕ್ಕೆ ಹಾಕಿ ಮತ್ತೆ ಲಾಗ್ ಮಾಡಿ. ತೊಂದರೆ ಜತೆಗೇ ಎರಡಕ್ಕೆ ಹೋದರೆ ಪ್ಲಗ್ಗೋ ಕಾಯಿಲ್ಲೋ, ಮೂರರಲ್ಲೇ ಉಳಿದರೆ ಇಂಜೆಕ್ಟರ್ ಅಥವಾ ಕಾರ್ಬನ್. ಕೇಳಿದ ಬೂಸ್ಟ್ 1.4, ಸಿಕ್ಕಿದ್ದು 1.2, ವೇಸ್ಟ್‌ಗೇಟ್ (ಟರ್ಬೊ ತಿರುಗಿಸುವ ಹೊಗೆಯನ್ನು ಪಕ್ಕಕ್ಕೆ ಬಿಡುವ ಬಾಗಿಲು) ಪೂರ್ತಿ ಮುಚ್ಚಿದೆ ಅಂದರೆ ಎಲ್ಲೋ ಸೋರುತ್ತಿದೆ. ರೈಲ್ ಪ್ರೆಶರ್ 200 ಬಾರ್ ಕೇಳಿದಾಗ 170ಕ್ಕೆ ಜಾರಿದರೆ ಫೈಲ್ ತೆಗೆದು ಮೊದಲು ಪಂಪ್ ನೋಡಿಸಿ.

ಬೇಡದವು ಕೆಲವು. ತೆರೆದ ಕೋನ್ ಫಿಲ್ಟರ್ ಬಾನೆಟ್ ಒಳಗಿನ ಬಿಸಿಗಾಳಿಯನ್ನೇ ಎಳೆಯುತ್ತದೆ, ನಮ್ಮ ಧೂಳನ್ನೂ ಒಳಗೆ ಬಿಡುತ್ತದೆ. ಮುಚ್ಚಿದ ಸ್ಟಾಕ್ ಬಾಕ್ಸ್, ಹೊಸ ಪೇಪರ್ ಫಿಲ್ಟರ್ ಸಾಕು. ಟರ್ಬೊ ಮೇಲಿನ ಡೈವರ್ಟರ್ ವಾಲ್ವ್ ಕೆಳಗೆ ಕೂರಿಸುವ 'ಫುಸ್' ಸ್ಪೇಸರ್, ಇಸಿಯು ಲೆಕ್ಕ ಹಾಕಿದ ಗಾಳಿಯನ್ನು ಸದ್ದಿಗಾಗಿ ಹೊರಗೆ ಚೆಲ್ಲುತ್ತದೆ. ಕ್ಯಾಟ್ (ಹೊಗೆ ಶುದ್ಧಿ ಮಾಡುವ ಕನ್ವರ್ಟರ್) ಇಲ್ಲದ ಡೌನ್‌ಪೈಪ್, ಅಂದರೆ ಟರ್ಬೊ ಹಿಂದಿನ ಹೊಗೆ ಕೊಳವೆ, ಇಷ್ಟು ಚಿಕ್ಕ ಟರ್ಬೊಗೆ ಕೊಡುವುದು ಕಡಿಮೆ, ಕಳೆಯುವುದು ಹೆಚ್ಚು: ವಾಸನೆ, ಚೆಕ್ ಇಂಜಿನ್ ದೀಪ, ಎಮಿಷನ್ ಟೆಸ್ಟ್‌ನಲ್ಲಿ ಫೇಲ್.

ಬ್ರೇಕ್ ಫ್ಲೂಯಿಡ್ ಮಾತ್ರ ಮರೆಯಬೇಡಿ. ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿಗೆ ಕುದಿಯುತ್ತದೆ, ನೀರು ಕುಡಿದ ಮೇಲೆ ಮಾನದಂಡ 155ಕ್ಕೆ ಇಳಿಯುತ್ತದೆ. ಎರಡು ಮಳೆಗಾಲ ಕಂಡ ಫ್ಲೂಯಿಡ್ ಇಟ್ಟುಕೊಂಡು ಚಾರ್ಮಾಡಿ ಇಳಿಯುವಾಗ ಪೆಡಲ್ ಮೆತ್ತಗಾದರೆ ಕಾರಣ ಅದೇ. ಫೈಲ್ ಹಾಕಿಸುವ ವಾರವೇ ಡಾಟ್ 5.1 ತುಂಬಿಸಿ, ಟೈರ್ ಬದಿಯ ನಾಲ್ಕಂಕಿ ನೋಡಿ. 2319 ಅಂತಿದ್ದರೆ 2019ರ 23ನೇ ವಾರದ ಟೈರ್, ಟೈರಿನ ಗೀರುಗಳು ಆಳವಾಗಿದ್ದರೂ ರಬ್ಬರ್ ಗಟ್ಟಿಯಾಗಿರುತ್ತದೆ.

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂಥ ಮಾರ್ಪಾಡು ನಿಷಿದ್ಧ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಇನ್ಶೂರೆನ್ಸ್‌ನವರಿಗೆ ಹೇಳದ ಮಾರ್ಪಾಡು ಕ್ಲೇಮ್ ಹೊತ್ತಿಗೆ ಎದ್ದು ನಿಲ್ಲುತ್ತದೆ. ಫೈಲ್ ಕಣ್ಣಿಗೆ ಕಾಣುವುದಿಲ್ಲ ಅನ್ನುವ ಧೈರ್ಯ ಬೇಡ, ಇಸಿಯು ಓದಿದರೆ ಗೊತ್ತಾಗುತ್ತದೆ. ಇದನ್ನು ತಿಳಿದೇ ಹೆಜ್ಜೆ ಇಡಿ.

ನಿಮ್ಮ ಗಾಡಿಯಿಂದ ಓದಿದ ಮೂಲ ಫೈಲನ್ನು ಟ್ಯೂನರ್ ಹತ್ತಿರ ಬಿಡದೆ ಪೆನ್‌ಡ್ರೈವ್‌ನಲ್ಲಿ ಈಸಿಕೊಳ್ಳಿ, ಷಾಸಿ ನಂಬರ್ ಹೆಸರಲ್ಲಿ ಸೇವ್ ಮಾಡಿ. ಸರ್ವೀಸ್‌ಗೆ ಬಿಡುವಾಗ ಜಾಬ್ ಕಾರ್ಡ್‌ನಲ್ಲಿ 'ಸಾಫ್ಟ್‌ವೇರ್ ಅಪ್‌ಡೇಟ್ ಮಾಡುವ ಮುನ್ನ ಫೋನ್ ಮಾಡಿ' ಅಂತ ಬರೆಸಿ. ಅವರು ರೂಢಿಯಂತೆ ಇಸಿಯು ಅಪ್‌ಡೇಟ್ ಒತ್ತಿಬಿಟ್ಟರೆ ಸ್ಟೇಜ್ 1 ಅಳಿಸಿಹೋಗಿ, ಟಿಸಿಯುದಲ್ಲಿ ಮಾತ್ರ ಹೊಸ ಫೈಲ್ ಉಳಿದು, ಗೇರ್ ಬೀಳುವುದು ಒಂದೊಂದು ಸಲ ಒದ್ದ ಹಾಗಾಗುತ್ತದೆ.