ಮೊಳಕಾಲ್ಮುರಿನ ಬ್ರಹ್ಮಗಿರಿಗೆ ಹೋಗೋದಾದರೆ ಪೂರ್ತಿ ದಿನ ಇಟ್ಟುಕೊಳ್ಳಿ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಮ್ಯಾಪ್‌ನಲ್ಲಿ ಬರೀ ಬ್ರಹ್ಮಗಿರಿ ಅಂತ ಹಾಕಬೇಡಿ, ಅದು ನಿಮ್ಮನ್ನು ಸೀದಾ ಕೊಡಗಿಗೆ ಕರೆದುಕೊಂಡು ಹೋಗುತ್ತದೆ. ಸಿದ್ದಾಪುರ ಅಂತ ಹಾಕಿದರೂ ಕಷ್ಟ, ನಮ್ಮ ರಾಜ್ಯದಲ್ಲಿ ಸಿದ್ದಾಪುರಗಳಿಗೇನೂ ಬರ ಇಲ್ಲ. ಅಶೋಕ ಸಿದ್ದಾಪುರ, ಮೊಳಕಾಲ್ಮುರು ತಾಲ್ಲೂಕು, ಚಿತ್ರದುರ್ಗ ಜಿಲ್ಲೆ. ಹೀಗೆ ಹುಡುಕಿ.

ದಾವಣಗೆರೆಯಲ್ಲಿರುವ ನಮಗೆ ಎರಡು ದಿನ ರಜೆ ಸಿಕ್ಕರೆ ಮನಸ್ಸು ಮಲೆನಾಡಿನ ಕಡೆ ಓಡುತ್ತದೆ. ಇಲ್ಲದಿದ್ದರೆ ಹಂಪಿ. ತಪ್ಪೇನಿಲ್ಲ. ಆದರೆ ಶನಿವಾರ ಚಿಕ್ಕಮಗಳೂರಿನ ಬೆಟ್ಟದ ರಸ್ತೆಯಲ್ಲಿ ಕಾರುಗಳ ಸಾಲಿನಲ್ಲಿ ಕೂತವರಿಗೆ ಗೊತ್ತು, ನೆಮ್ಮದಿ ಹುಡುಕಿಕೊಂಡು ಹೋಗಿ ಪಾರ್ಕಿಂಗ್ ಹುಡುಕುತ್ತಾ ಇರುತ್ತೇವೆ. ಹಸಿರು ಇದ್ದ ಕಡೆ ಮಾತ್ರ ನೆಮ್ಮದಿ ಅಂತ ಯಾಕೋ ನಮಗೆಲ್ಲ ಅಭ್ಯಾಸ ಆಗಿಬಿಟ್ಟಿದೆ. ಮೊಳಕಾಲ್ಮುರು ಕಡೆ ಹಸಿರು ಕಡಿಮೆ. ಮಳೆ ಕಡಿಮೆ. ಬಂಡೆ, ಜಾಲಿ, ಶೇಂಗಾ ಹೊಲ, ಅಲ್ಲಲ್ಲಿ ಹುಣಸೆ ಮರ, ದಿಬ್ಬದ ಮೇಲೆ ತಿರುಗುವ ಗಾಳಿಯಂತ್ರ. ಜನ ಮಾತ್ರ ಇರುವುದಿಲ್ಲ, ಅಂದರೆ ಪ್ರವಾಸಿಗರು ಇರುವುದಿಲ್ಲ. ನನಗೆ ಬೇಕಾಗಿದ್ದೂ ಅದೇ.

ಅಲ್ಲಿ ನೋಡಲು ಏನಿದೆ ಅಂತ ಕೇಳುತ್ತೀರಿ. ಸಾಮ್ರಾಟ್ ಅಶೋಕನ ಶಾಸನಗಳಿವೆ. ಒಂದಲ್ಲ, ಮೂರು, ಅದೂ ಕೆಲವೇ ಕಿಲೋಮೀಟರ್ ಅಂತರದಲ್ಲಿ: ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಮೈಸೂರು ಸಂಸ್ಥಾನದ ಶಾಸನಗಳನ್ನೆಲ್ಲ ಓದಿ ಅಚ್ಚು ಹಾಕಿಸಿದ ಬಿ.ಎಲ್. ರೈಸ್ 1892ರಲ್ಲಿ ಇವನ್ನು ಹೊರಜಗತ್ತಿಗೆ ತಿಳಿಸಿದರು. ಊರಿನವರಿಗೆ ಕಲ್ಲುಗಳು ಮೊದಲೇ ಗೊತ್ತಿದ್ದವು, ಹೆಸರೂ ಇಟ್ಟಿದ್ದರು. ಬ್ರಹ್ಮಗಿರಿಯದು ಅಕ್ಷರ ಗುಂಡು. ಅದರ ಮೇಲೆ ನೀರು ಸುರಿದು ಕುಡಿದರೆ ಔಷಧಿ ಅನ್ನುವ ನಂಬಿಕೆಯೂ ಇತ್ತಂತೆ. ಜಟಿಂಗ ರಾಮೇಶ್ವರದ್ದು ಬಳೆಗಾರ ಗುಂಡು, ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೇ ಅಂಗಡಿ ಹಾಕುತ್ತಿದ್ದರು. ಅಲ್ಲಿನ ಅಕ್ಷರ ಯಾಕೆ ಅಷ್ಟು ಸವೆದಿದೆ ಅಂತ ಇನ್ನು ಬೇರೆ ಹೇಳಬೇಕಾಗಿಲ್ಲ ಅಲ್ವಾ.

ಇದನ್ನೆಲ್ಲ ಮನೆಯಲ್ಲೇ ಓದಿಕೊಂಡು ಹೋಗಿ. ನಾನು ಕೊಡುವ ದೊಡ್ಡ ಸಲಹೆ ಇದೇ. ಏನೂ ಗೊತ್ತಿಲ್ಲದೆ ಹೋದರೆ ಕಾಣುವುದು ಒಂದು ಕಲ್ಲು, ಅದರ ಮೇಲೆ ಗೀಚು. ಐದು ನಿಮಿಷಕ್ಕೆ ಮುಗಿಯುತ್ತದೆ, "ಇದಕ್ಕಾ ಇಷ್ಟು ದೂರ ಬಂದಿದ್ದು" ಅಂತ ಮನೆಯವರು ಮುಖ ನೋಡುತ್ತಾರೆ.

ಈ ಶಾಸನಗಳ ಲಿಪಿ ಬ್ರಾಹ್ಮಿ, ಅದರ ನಾಲ್ಕು ಅಕ್ಷರ ಕಲಿತುಕೊಳ್ಳಿ, ಸಾಕು. 'ಕ' ಅಂದರೆ ಕೂಡುವ ಚಿಹ್ನೆ, ಲೆಕ್ಕದಲ್ಲಿ ಹಾಕುತ್ತೇವಲ್ಲ ಅದೇ. 'ಗ' ಅಂದರೆ ಗುಡಿಸಲ ಚಾವಣಿ. 'ನ' ಅಂದರೆ ಒಂದು ಅಡ್ಡಗೆರೆ, ಅದರ ನಡುವಿನಿಂದ ಮೇಲಕ್ಕೆ ಒಂದು ನೆಟ್ಟಗೆರೆ. 'ವ' ಅಂದರೆ ಸೊನ್ನೆ, ತಲೆಯ ಮೇಲೆ ಒಂದು ಕಡ್ಡಿ. ಮಕ್ಕಳು ದಾರಿಯಲ್ಲಿ ಕಾರಿನಲ್ಲೇ ಕಲಿತುಬಿಡುತ್ತಾರೆ, ದೊಡ್ಡವರಿಗೇ ತುಸು ಹೊತ್ತು ಬೇಕು. ಬ್ರಹ್ಮಗಿರಿಯ ಬಂಡೆಯ ಮೇಲೆ 13 ಸಾಲು ಇವೆ. ಮೊದಲು ಬಿಸಿಲು, ಕಣ್ಣು ಕೋರೈಸುತ್ತದೆ, ಏನೂ ಕಾಣುವುದಿಲ್ಲ. ಸುಮ್ನೆ ಕೂತು ನೋಡುತ್ತಾ ಇರಿ. ಒಂದು 'ಕ' ಕಾಣುತ್ತದೆ, ಆಮೇಲೆ ಅದರ ಪಕ್ಕದ್ದು, ಆಮೇಲೆ ಒಂದು ಸಾಲು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅನ್ನುವುದು ತಿಳಿಯುತ್ತದೆ. ಹೀಗೆ ನೋಡುತ್ತಾ ಕೂತರೆ ಹೊತ್ತು ಹೋಗಿದ್ದು ಗೊತ್ತಾಗುವುದಿಲ್ಲ. ಮೊಬೈಲ್ ಟಾರ್ಚನ್ನು ಕಲ್ಲಿನ ಪಕ್ಕದಿಂದ ಅಡ್ಡಡ್ಡ ಹಿಡಿದರೆ ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ. ಚಾಕ್‌ಪೀಸ್ ತುಂಬಿಸಿ ಫೋಟೋ ತೆಗೆಯುವುದು, ನೀರು ಚೆಲ್ಲುವುದು ಖಂಡಿತ ಬೇಡ. ಅದು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಕಲ್ಲು.

ಬರೆದಿರುವುದಾದರೂ ಏನು? ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ, ಅಂದರೆ ರಾಜಕುಮಾರ, ಮತ್ತು ಮಹಾಮಾತ್ರರು, ಅಂದರೆ ಹಿರಿಯ ಅಧಿಕಾರಿಗಳು, ಇಸಿಲದ ಮಹಾಮಾತ್ರರಿಗೆ ಕಳಿಸಿದ ಆದೇಶ. ಆ ಇಸಿಲ ಇದೇ ಜಾಗ ಅಂತ ವಿದ್ವಾಂಸರು ಹೇಳುತ್ತಾರೆ. ಆದೇಶ ಅಂದರೂ ಶುರುವಾಗುವುದು ಆರೋಗ್ಯ ವಿಚಾರಿಸಿಕೊಂಡು. ನಮ್ಮ ಅಜ್ಜಂದಿರು ಇನ್‌ಲ್ಯಾಂಡ್ ಲೆಟರ್‌ನಲ್ಲಿ "ಇತ್ತ ಕಡೆ ಎಲ್ಲ ಕ್ಷೇಮ" ಅಂತ ಶುರು ಮಾಡುತ್ತಿದ್ದರಲ್ಲ, ಥೇಟ್ ಹಾಗೆ. ಆಮೇಲೆ ರಾಜನ ಮಾತು ಬರುತ್ತದೆ. ಎರಡೂವರೆ ವರ್ಷಕ್ಕೂ ಜಾಸ್ತಿ ಆಯಿತು ನಾನು ಉಪಾಸಕನಾಗಿ (ಅಂದರೆ ಬುದ್ಧನ ಅನುಯಾಯಿಯಾಗಿ), ಮೊದಲ ಒಂದು ವರ್ಷ ಅಷ್ಟೇನೂ ಶ್ರಮ ಪಡಲಿಲ್ಲ ಅನ್ನುತ್ತಾನೆ. ಇಷ್ಟು ದೊಡ್ಡ ರಾಜ ಇದನ್ನು ಕಲ್ಲಿನ ಮೇಲೆ ಕೆತ್ತಿಸಿ ಊರೂರಿಗೆ ಕಳಿಸಿದ್ದಾನೆ ನೋಡಿ. ದೊಡ್ಡವರಿಗೆ ಮಾತ್ರ ಅಲ್ಲ, ಸಣ್ಣವರೂ ಪ್ರಯತ್ನ ಪಟ್ಟರೆ ಸ್ವರ್ಗ ಸಿಗುತ್ತದೆ ಅಂತಲೂ ಇದೆ. ಕೊನೆಯಲ್ಲಿ ತಂದೆ ತಾಯಿಯ ಮಾತು ಕೇಳಿ, ಪ್ರಾಣಿಗಳ ಮೇಲೆ ದಯೆ ಇರಲಿ, ಸತ್ಯ ಹೇಳಿ, ಗುರುವಿಗೆ ಶಿಷ್ಯ ಗೌರವ ಕೊಡಲಿ. ಅಶೋಕ ಅನ್ನುವ ಹೆಸರು ಮಾತ್ರ ಎಲ್ಲೂ ಇಲ್ಲ, ದೇವಾನಾಂಪಿಯ, ಅಂದರೆ ದೇವರಿಗೆ ಪ್ರಿಯನಾದವನು, ಅಂತಷ್ಟೇ.

ನನಗೆ ಎಲ್ಲಕ್ಕಿಂತ ಇಷ್ಟ ಆದವನು ರಾಜ ಅಲ್ಲ, ಬರೆದವನು. ಅವನ ಹೆಸರು ಚಪಡ. ಮೂರೂ ಕಡೆ ಬರೆದವನು ಅವನೇ. ಇಡೀ ಶಾಸನ ಬ್ರಾಹ್ಮಿಯಲ್ಲಿ ಎಡದಿಂದ ಬಲಕ್ಕೆ ಬರೆದು, ಕೊನೆಗೆ ತಾನು ಲಿಪಿಕಾರ ಅನ್ನುವ ಒಂದು ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ಅಂದರೆ ಗಾಂಧಾರದ ಕಡೆಯ ಲಿಪಿ, ಈಗಿನ ಪೇಶಾವರದ ಸುತ್ತಮುತ್ತ. ಈ ಶೇಂಗಾ ಸೀಮೆಯಲ್ಲಿ ಆ ಲಿಪಿ ಓದುವವರು ಆಗ ಯಾರಿದ್ದರು? ಬಹುಶಃ ಯಾರೂ ಇಲ್ಲ. ಆದರೂ ಬರೆದ. ಆ ಕಡೆಯಿಂದ ಬಂದವನಿರಬೇಕು, ಇಲ್ಲ ಎರಡು ಲಿಪಿ ಬರುತ್ತದೆ ಅಂತ ಜಂಬ ಇರಬೇಕು. ಸುಮಾರು 2250 ವರ್ಷದ ಹಿಂದಿನ ಜಂಬ, ಬಂಡೆಯ ಕೊನೆಯ ಸಾಲಿನಲ್ಲಿ ಇನ್ನೂ ಹಾಗೇ ಇದೆ. ಅಲ್ಲಿಗೆ ಹೋದಾಗ ಆ ಕೊನೆಯ ಸಾಲನ್ನು ತಪ್ಪದೆ ಹುಡುಕಿ.

ಇನ್ನು ದಾರಿ. ದಾವಣಗೆರೆಯಿಂದ ಚಿತ್ರದುರ್ಗ ಸುಮಾರು 60 ಕಿಲೋಮೀಟರ್, ಹೆದ್ದಾರಿ, ಹೇಳುವುದೇನಿಲ್ಲ. ಚಿತ್ರದುರ್ಗದಿಂದ ಚಳ್ಳಕೆರೆ, ಅಲ್ಲಿಂದ ಬಳ್ಳಾರಿ ರಸ್ತೆ ಹಿಡಿದು ತಳುಕು, ಬಿ.ಜಿ. ಕೆರೆ, ಹಾನಗಲ್. ಇದು ಹಾವೇರಿ ಜಿಲ್ಲೆಯ ಹಾನಗಲ್ ಅಲ್ಲ, ಇಲ್ಲಿಂದ ಮೊಳಕಾಲ್ಮುರಿಗೆ ದಾರಿ ಒಡೆಯುತ್ತದೆ. ಬಳ್ಳಾರಿ ರಸ್ತೆಯಲ್ಲೇ ಮುಂದೆ ಹೋದರೆ ರಾಂಪುರ. ಬಸ್ಸಿನಲ್ಲಿ ಬರುವವರು ಚಿತ್ರದುರ್ಗದಿಂದ ಬಳ್ಳಾರಿ ಬಸ್ ಹತ್ತಿ, ರಾಂಪುರದಲ್ಲಿ ಇಳಿಯುವುದೋ ಮೊಳಕಾಲ್ಮುರಿನಿಂದ ಹೋಗುವುದೋ ಕಂಡಕ್ಟರ್ ಹತ್ತಿರ ಕೇಳಿಕೊಳ್ಳಿ. ಅಲ್ಲಿಂದ ಮುಂದೆ ಆಟೋ, ವಾಪಸ್ ಬರುವುದಕ್ಕೂ ಆಗಲೇ ಮಾತಾಡಿಕೊಂಡುಬಿಡಿ, ಹಳ್ಳಿಯಲ್ಲಿ ನಿಂತರೆ ಖಾಲಿ ಆಟೋ ಬರುವುದಿಲ್ಲ. ಚಿಕ್ಕಜಾಜೂರು, ಚಿತ್ರದುರ್ಗ, ರಾಯದುರ್ಗ ಮಾರ್ಗದ ರೈಲಿಗೆ ಮೊಳಕಾಲ್ಮುರಿನಲ್ಲೂ ನಿಲ್ದಾಣ ಇದೆ, ಆದರೆ ಒಂದೇ ದಿನದಲ್ಲಿ ಹೋಗಿ ಬರುವವರಿಗೆ ನಾನು ಹೇಳುವುದಿಲ್ಲ.

ನೀರು ಜಾಸ್ತಿ ಇಟ್ಟುಕೊಳ್ಳಿ, ನಿಮ್ಮ ಅಂದಾಜಿನ ಎರಡರಷ್ಟು. ತಿಂಡಿ ಚಳ್ಳಕೆರೆಯಲ್ಲಿ ಮುಗಿಸಿ, ಮಧ್ಯಾಹ್ನಕ್ಕೆ ಬುತ್ತಿ ಕಟ್ಟಿಕೊಂಡರೆ ಒಳ್ಳೇದು. ಶಾಸನದ ಹತ್ತಿರ ಅಂಗಡಿ, ಹೋಟೆಲ್, ಶೌಚಾಲಯ ಅಂತ ನಂಬಿಕೊಂಡು ಹೋಗಬೇಡಿ. ಹೆಂಗಸರು, ವಯಸ್ಸಾದವರು ಜೊತೆಗಿದ್ದರೆ ಚಳ್ಳಕೆರೆಯಲ್ಲೋ ಹೆದ್ದಾರಿಯ ಬಂಕಿನಲ್ಲೋ ಆ ಕೆಲಸ ಮುಗಿಸಿಕೊಂಡೇ ಹೊರಡಿ. ಕಲ್ಲಿನ ಸುತ್ತ ಕಟ್ಟಿದ ಕೋಣೆಗೆ ಬೀಗ ಇದ್ದರೆ ಸಿಟ್ಟಾಗಬೇಡಿ. ಊರಲ್ಲಿ ಕೇಳಿದರೆ ಯಾರಾದರೂ ದಾರಿ ತೋರಿಸುತ್ತಾರೆ. ನಾವು ಕೇಳುವ ಮೊದಲೇ ಕುರಿ ಕಾಯುವ ಅಜ್ಜ ಒಬ್ಬರು "ಅಕ್ಷರ ನೋಡಾಕ ಬಂದೀರೇನು?" ಅಂತ ಕೋಲಿನಲ್ಲಿ ದಿಕ್ಕು ತೋರಿಸಿದರು. ಪಕ್ಕದಲ್ಲೇ ಆಂಧ್ರ, ಮಾತಿನಲ್ಲಿ ಅರ್ಧ ತೆಲುಗು ಬೆರೆತಿರುತ್ತದೆ. ಅವರ ಮಂದೆಯ ಗಂಟೆ ಸದ್ದು ತುಂಬಾ ಹೊತ್ತು ಕೇಳುತ್ತಿತ್ತು. ಅದು ನಿಂತ ಮೇಲೆ ಎಲ್ಲೋ ಹೊಲದ ಪಂಪ್‌ಸೆಟ್ಟು, ಅಷ್ಟೇ.

ಬ್ರಹ್ಮಗಿರಿಯ ಬುಡದಲ್ಲೇ ಇನ್ನೊಂದು ಲೋಕ ಇದೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇಲ್ಲಿ ಅಗೆಸಿದರು. ಕೆಳಗೆ ಕಲ್ಲಿನ ಕೊಡಲಿ ಕಾಲದ ಜನ, ಆಮೇಲೆ ಕಬ್ಬಿಣ ಬಳಸಿ ಬೃಹತ್ ಶಿಲಾ ಸಮಾಧಿ ಕಟ್ಟಿದವರು, ಅದರ ಮೇಲೆ ಸಾತವಾಹನರ ಕಾಲ, ಹೀಗೆ ಪದರ ಪದರವಾಗಿ ಸಿಕ್ಕಿತು. ದಕ್ಷಿಣ ಭಾರತದ ಹಳೆಯ ಕಾಲಕ್ಕೆ ಒಂದು ಅನುಕ್ರಮ ಹಾಕಲು ಈ ಅಗೆತವೇ ದಾರಿ ಮಾಡಿತು. ಅಶೋಕನ ಕಲ್ಲಿಗೂ ಎಷ್ಟೋ ಮೊದಲು ಇಲ್ಲಿ ಊರಿತ್ತು ಅಂತಾಯಿತು. ಹೊಲಗಳ ನಡುವೆ ಗುಂಡುಕಲ್ಲುಗಳ ವೃತ್ತ, ನಡುವೆ ಚಪ್ಪಡಿ ನಿಲ್ಲಿಸಿದ ಗೋರಿ, ಕೆಲವು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಎಲ್ಲವೂ ಉಳಿದಿಲ್ಲ. ಬೆಳೆ ನಿಂತ ಹೊಲಕ್ಕೆ ಕೇಳದೆ ಕಾಲಿಡಬೇಡಿ, ನೆಲದ ಮೇಲೆ ಮಡಕೆ ಚೂರು ಸಿಕ್ಕರೆ ನೋಡಿ ಅಲ್ಲೇ ಬಿಡಿ. ಜೇಬಿಗೆ ಹಾಕಿಕೊಳ್ಳುವ ಆಸೆ ಆಗುತ್ತದೆ, ಗೊತ್ತು. ಬೇಡ.

ಸಿದ್ದಾಪುರದ ಶಾಸನ ಹತ್ತಿರದಲ್ಲೇ ಇದೆ, ಅದಕ್ಕೆ ಜಾಸ್ತಿ ಹೊತ್ತು ಬೇಕಾಗುವುದಿಲ್ಲ.

ಜಟಿಂಗ ರಾಮೇಶ್ವರ ಬೇರೆ ಲೆಕ್ಕ. ಅದು ಬೆಟ್ಟ, ಮೆಟ್ಟಿಲು ಹತ್ತಬೇಕು, ಮೇಲೆ ಶಿವನ ಗುಡಿ. ಸೀತೆಯನ್ನು ಹೊತ್ತೊಯ್ಯುತ್ತಿದ್ದ ರಾವಣನ ಜೊತೆ ಜಟಾಯು ಕಾದಾಡಿದ್ದು ಇಲ್ಲೇ ಅಂತ ಊರಿನವರ ಮಾತು. ಮಂಡಿ ನೋವಿನವರು ಬ್ರಹ್ಮಗಿರಿ, ಸಿದ್ದಾಪುರ ನೋಡಿ ಹುಣಸೆ ಮರದ ಕೆಳಗೆ ಕೂರಲಿ, ಏನೂ ಕಳೆದುಕೊಳ್ಳುವುದಿಲ್ಲ. ಹತ್ತುವವರು ಒಂದೋ ಬೆಳಿಗ್ಗೆ ಬೇಗ, ಇಲ್ಲ ಬಿಸಿಲು ಇಳಿದ ಮೇಲೆ ಹತ್ತಿ. ಆದರೆ ಕತ್ತಲಾಗುವ ಮುಂಚೆ ಕೆಳಗಿರಬೇಕು. ಇಲ್ಲಿನ ಬಂಡೆ ಸಂದುಗಳಲ್ಲಿ ಕರಡಿಗಳಿವೆ, ಚಿರತೆಯೂ ಇದೆ. ಹೆದರಿಸಲು ಹೇಳುತ್ತಿಲ್ಲ. ಒಬ್ಬರೇ ಹತ್ತಬೇಡಿ, ಸೂರ್ಯಾಸ್ತ ಅಲ್ಲೇ ನೋಡಬೇಕು ಅಂತ ಹಟ ಮಾಡಬೇಡಿ. ಮೇಲಿಂದ ಕಾಣುವ ಬಯಲು ನಾಲ್ಕು ಗಂಟೆಗೂ ಅಷ್ಟೇ ದೊಡ್ಡದು.

ಕಾಲ ಅಂದರೆ ನವೆಂಬರ್‌ನಿಂದ ಫೆಬ್ರವರಿ. ಮಾರ್ಚ್ ಕಳೆದರೆ ಬಂಡೆ ಕಾದು ಕೆಂಡ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಳೆ ಬಂದಿದ್ದರೆ ಹೊಲಗಳು ಹಸಿರಾಗಿ ಚೆನ್ನಾಗಿರುತ್ತವೆ, ಬರದಿದ್ದರೆ ಅದೂ ಇಲ್ಲ.

ಈ ಪ್ರವಾಸಕ್ಕೆ ಚಿತ್ರದುರ್ಗದ ಕೋಟೆ, ವಾಣಿವಿಲಾಸ ಸಾಗರ, ಜೋಗಿಮಟ್ಟಿ ಎಲ್ಲ ಸೇರಿಸಬೇಡಿ. ಕೋಟೆಗೇ ಒಂದು ದಿನ ಬೇಕು. ಹೊತ್ತು ಉಳಿದರೆ ಮೊಳಕಾಲ್ಮುರು ಊರಿನೊಳಗೆ ಒಂದು ಸುತ್ತು ಹೋಗಿ, ಮಗ್ಗದ ಸದ್ದು ಕೇಳುತ್ತದೆ. ಇಲ್ಲಿನ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಕೇಳಿದರೆ ನೇಕಾರರು ಒಳಗೆ ಕರೆದು ತೋರಿಸುತ್ತಾರೆ, ಕೇಳದೆ ಕ್ಯಾಮೆರಾ ಎತ್ತಬೇಡಿ. ಕೈಮಗ್ಗದ ಸೀರೆಗೆ ಎಷ್ಟು ದಿನದ ಕೆಲಸ ಹಿಡಿಯುತ್ತದೆ ಅಂತ ಕಣ್ಣಾರೆ ನೋಡಿದ ಮೇಲೆ ಚೌಕಾಸಿ ಮಾಡಲು ಬಾಯಿ ಬರುವುದಿಲ್ಲ. ದಾರಿಯಲ್ಲಿ ಎತ್ತುಗಳ ದೊಡ್ಡ ಹಿಂಡು ಸಿಕ್ಕರೆ ಹಾರ್ನ್ ಹೊಡೆಯದೆ ನಿಲ್ಲಿಸಿ, ಅವು ಈ ಸೀಮೆಯ ದನ ಸಾಕುವ ಸಮುದಾಯವಾದ ಮ್ಯಾಸ ನಾಯಕರ ದೇವರ ಎತ್ತುಗಳಿರಬಹುದು, ಅವನ್ನು ನೊಗಕ್ಕೆ ಹೂಡುವುದಿಲ್ಲ.

ಉಳಿಯುವುದಾದರೆ ಚಿತ್ರದುರ್ಗಕ್ಕೆ ವಾಪಸ್ ಬರುವುದಕ್ಕಿಂತ ಬಳ್ಳಾರಿಯೇ ಹತ್ತಿರ. ಅಶೋಕನ ಹೆಸರನ್ನೇ ಕಲ್ಲಿನ ಮೇಲೆ ನೋಡಬೇಕು ಅನ್ನಿಸಿದರೆ ಮರುದಿನ ಬಳ್ಳಾರಿ ಜಿಲ್ಲೆಯ ನಿಟ್ಟೂರಿಗೆ ಹೋಗಿ, ಅಥವಾ ಇನ್ನೂ ಮುಂದೆ ರಾಯಚೂರು ಜಿಲ್ಲೆಯ ಮಸ್ಕಿಗೆ. ದೇವಾನಾಂಪಿಯ ಅಂದರೆ ಅಶೋಕನೇ ಅಂತ 1915ರಲ್ಲಿ ಗಟ್ಟಿಯಾಗಿದ್ದು ಮಸ್ಕಿಯ ಶಾಸನದಿಂದ. ಆದರೆ ಚಪಡನ ಆ ಕೊನೆಯ ಪದ ಅಲ್ಲಿಲ್ಲ.